ನಂಬರ್ ಸಿಕ್ಕರೆ ತಾತ ಸಿಕ್ಕ ಹಾಗೆ: ಎರಡನೇ ಮಹಾಯುದ್ಧದ ಸೈನಿಕರ ದಾಖಲೆ ಹುಡುಕುವ ಬಗೆ

ನಮ್ಮ ಮನೆಯಲ್ಲಿ ಯುದ್ಧ ಅಂದರೆ ಬರ್ಮಾ. ತಾತ ಬರ್ಮಾಕ್ಕೆ ಹೋಗಿದ್ದರು, ಬರ್ಮಾದಲ್ಲಿ ಲಾರಿ ಓಡಿಸಿದರು, ಬರ್ಮಾದಿಂದ ಒಂದು ಕಂಬಳಿ ತಂದರು. ನಾನು ಹುಟ್ಟುವ ಮೊದಲೇ ತೀರಿಕೊಂಡವರ ಬಗ್ಗೆ ನನ್ನ ಕಿವಿಗೆ ಬಿದ್ದದ್ದು ಇಷ್ಟೇ. ಜೊತೆಗೆ ಅತ್ತೆ ಹೇಳುತ್ತಿದ್ದ ಒಂದು ಮಾತು: ಲಾರಿಯ ಚಕ್ರ ಹಿಮದಲ್ಲಿ ಹೂತು, ತಾತ ರಾತ್ರಿಯಿಡೀ ಸಲಿಕೆ ಹಿಡಿದು ಬಗೆಯುತ್ತಿದ್ದರಂತೆ. ಬರ್ಮಾದಲ್ಲಿ ಲಾರಿ ಹೂಳುವಷ್ಟು ಹಿಮ ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ. ಅಂಚೆ ಇಲಾಖೆಯಲ್ಲಿ 34 ವರ್ಷ ದಾರಿ ತಪ್ಪಿದ ಕಾಗದಗಳನ್ನು ದಾರಿಗೆ ಹಚ್ಚಿದ ನಾನೂ ಕೇಳಲಿಲ್ಲ.

ನಿವೃತ್ತಿಯಾದ ಮೇಲೆ ಹಳೆಯ ಟ್ರಂಕು ತೆಗೆದೆ. ತಳದಲ್ಲಿ ಎರಡು ಆರುಮೂಲೆಯ ನಕ್ಷತ್ರ, ಒಂದು ದುಂಡು ಪದಕ. ನಕ್ಷತ್ರದ ನಡುವಿನ ಬಳೆಯಲ್ಲೇ ಹೆಸರು ಕೆತ್ತಿದೆ. ಒಂದು ಆಫ್ರಿಕಾ ಸ್ಟಾರ್, ಇನ್ನೊಂದು ಇಟಲಿ ಸ್ಟಾರ್. ಬರ್ಮಾ ಸ್ಟಾರ್ ಇಲ್ಲವೇ ಇಲ್ಲ.

ಹಾಗಾಗಿ ನನ್ನ ಮೊದಲ ಸಲಹೆ: ಮನೆಯವರ ಬಾಯಿಗಿಂತ ಮೊದಲು ಲೋಹವನ್ನು ನಂಬಿ. ಆಫ್ರಿಕಾ ಸ್ಟಾರ್ 1940ರ ಜೂನ್ 10ರಿಂದ 1943ರ ಮೇ 12ರವರೆಗಿನ ಸೇವೆಗೆ, ಇಟಲಿ ಸ್ಟಾರ್ 1943ರ ಜೂನ್ 11ರಿಂದ 1945ರ ಮೇ 8ರವರೆಗಿನದಕ್ಕೆ. ಬರ್ಮಾ ಸ್ಟಾರ್ ಶುರುವಾಗುವುದು 1941ರ ಡಿಸೆಂಬರ್ 11ರಿಂದ. ಮಲಯ, ಸಿಂಗಪುರದಲ್ಲಿ ಇದ್ದವರಿಗೆ ಪೆಸಿಫಿಕ್ ಸ್ಟಾರ್. ಪದಕ ಕಳೆದುಹೋಗಿ ಬರೀ ಅದರ ಬಟ್ಟೆಯ ರಿಬ್ಬನ್ ಉಳಿದಿದ್ದರೂ ಸಾಕು. ಕೆಂಪು, ಬಿಳಿ, ಹಸಿರು, ಬಿಳಿ, ಕೆಂಪು, ಐದೂ ಸಮಪಟ್ಟಿ ಇದ್ದರೆ ಅದು ಇಟಲಿ.

ಇನ್ನು ಪದಕದ ಹಿಂಬದಿ. ಬ್ರಿಟಿಷ್ ಸಿಪಾಯಿಗಳಿಗೆ ಈ ಯುದ್ಧದ ಪದಕಗಳನ್ನು ಹೆಸರು ಹಾಕದೆ ಕೊಟ್ಟರು. ಆದರೆ ಭಾರತೀಯ ಸೈನಿಕರ ಪದಕಗಳ ಮೇಲೆ ಹೆಸರು, ಸೇನೆ ಕೊಟ್ಟ ನಂಬರ್, ದಳ ಎಲ್ಲ ಒತ್ತಿದ್ದಾರೆ: ನಕ್ಷತ್ರಗಳಲ್ಲಿ ಹಿಂದೆ, ದುಂಡು ಪದಕದಲ್ಲಿ ಅಂಚಿನ ಮೇಲೆ. ಅಕ್ಷರ ತೀರಾ ಸಣ್ಣದು, ಆಳವೂ ಇಲ್ಲ. ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ನಮ್ಮ ಅಜ್ಜಿ ಆಯುಧಪೂಜೆಗೆಂದು ಪ್ರತಿವರ್ಷ ಉಜ್ಜಿ ಒಂದು ನಕ್ಷತ್ರದ ಬೆನ್ನನ್ನು ಕನ್ನಡಿ ಮಾಡಿಟ್ಟಿದ್ದರು. ಇನ್ನೊಂದನ್ನು ಕತ್ತಲಲ್ಲಿ ಹಿಡಿದು ಟಾರ್ಚನ್ನು ಪಕ್ಕದಿಂದ ಬಿಟ್ಟು ಮೊಬೈಲಿನಲ್ಲಿ ಫೋಟೋ ತೆಗೆದಾಗ ಅಕ್ಷರ ಎದ್ದು ಬಂತು. ಎಂ.ಟಿ.ಎನ್. ಎಂದು ಶುರುವಾಗುವ ನಂಬರ್, ಹೇಗೋ ಬರೆದ ತಾತನ ಹೆಸರು, ಕೊನೆಗೆ ಆರ್.ಐ.ಎ.ಎಸ್.ಸಿ., ಅಂದರೆ ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್. ಸರಂಜಾಮು, ಸಾಗಾಟದವರ ದಳ.

ಆ ನಂಬರ್ ಸಿಕ್ಕಿದ ದಿನ ಅರ್ಧ ಕೆಲಸ ಮುಗಿಯಿತು ಅಂದುಕೊಳ್ಳಿ. ಹೆಸರನ್ನು ನೆಚ್ಚಿಕೊಂಡರೆ ಕೆಟ್ಟಿರಿ. ಆ ಯುದ್ಧದಲ್ಲಿ ಭಾರತದ ಸೇನೆ ಸುಮಾರು 25 ಲಕ್ಷಕ್ಕೆ ಬೆಳೆದಿತ್ತು. ಅದರಲ್ಲಿ ತಿಮ್ಮಯ್ಯಗಳು ಎಷ್ಟು, ಮುನಿಸ್ವಾಮಿಗಳು ಎಷ್ಟು! ಬರೆದುಕೊಂಡ ಗುಮಾಸ್ತನಿಗೆ ಕನ್ನಡ ಬರಬೇಕೆಂದಿರಲಿಲ್ಲ. ತಂದೆಯ ಹೆಸರು ಮುಂದಕ್ಕೆ ಬಂದಿರುತ್ತದೆ, ಊರಿನ ಹೆಸರು ಅಡ್ಡಹೆಸರಾಗಿರುತ್ತದೆ, ಒತ್ತಕ್ಷರ ಮಾಯವಾಗಿರುತ್ತದೆ. ಊರನ್ನೂ ಅಂದಿನ ಲೆಕ್ಕದಲ್ಲೇ ಹುಡುಕಬೇಕು. ಚಿಕ್ಕಮಗಳೂರಿನವರು ಕಡೂರು ಜಿಲ್ಲೆ, ಮೈಸೂರು ಸಂಸ್ಥಾನ. ಮಂಗಳೂರು, ಬಳ್ಳಾರಿಯವರು ಮದ್ರಾಸ್ ಪ್ರಾಂತ್ಯ. ಧಾರವಾಡ, ಬೆಳಗಾವಿ, ವಿಜಾಪುರದವರು ಮುಂಬಯಿ ಪ್ರಾಂತ್ಯ. ರಾಯಚೂರು, ಕಲಬುರಗಿಯವರು ನಿಜಾಮರ ಸೀಮೆ.

ಪದಕವೇ ಇಲ್ಲದ ಮನೆಯವರು ಏನು ಮಾಡಬೇಕು? ಬಿಡುಗಡೆ ಪತ್ರ ಹುಡುಕಿ. ಡಿಸ್ಚಾರ್ಜ್ ಬುಕ್ ಅಂತ ಹಳಬರು ಹೇಳುವ ಸಣ್ಣ ಪುಸ್ತಕ. ಮಾಜಿ ಸೈನಿಕರ ಲೆಕ್ಕದಲ್ಲಿ ಜಮೀನು ಮಂಜೂರಾಗಿದ್ದರೆ ತಾಲ್ಲೂಕು ಕಚೇರಿಯ ಮಂಜೂರಾತಿ ಕಡತದಲ್ಲಿ ಅದರ ನಕಲು ಇರುವ ಸಂಭವ ಉಂಟು. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಅವರು ಹೆಸರು ಬರೆಸಿದ್ದರೂ ನಂಬರ್ ಸಿಗುತ್ತದೆ. ಹಳೆಯ ಕಾಗದವಿದ್ದರೆ ಒಳಗಿನ ಒಕ್ಕಣೆಗಿಂತ ಮೊದಲು ಮುದ್ರೆ ನೋಡಿ (ಇದು ನನ್ನ ಕಸುಬಿನ ಚಟ). ಎಫ್.ಪಿ.ಓ. (ಫೀಲ್ಡ್ ಪೋಸ್ಟ್ ಆಫೀಸ್) ಎಂಬ ಅಕ್ಷರ, ಒಂದು ನಂಬರ್, ತಾರೀಖು ಇರುತ್ತವೆ. ಊರಿನ ಹೆಸರು ಬೇಕೆಂದೇ ಹಾಕುತ್ತಿರಲಿಲ್ಲ, ಶತ್ರುವಿಗೆ ಸೇನೆ ಎಲ್ಲಿದೆಯೆಂದು ತಿಳಿಯಬಾರದಲ್ಲ. ಆದರೆ ಯಾವ ನಂಬರಿನ ರಣರಂಗದ ಅಂಚೆ ಕಚೇರಿ ಯಾವ ತಿಂಗಳು ಎಲ್ಲಿತ್ತು ಎಂಬುದನ್ನು ಅಂಚೆಚೀಟಿ ಸಂಗ್ರಾಹಕರು ಪಟ್ಟಿ ಮಾಡಿಟ್ಟಿದ್ದಾರೆ. ಒಬ್ಬ ಹವ್ಯಾಸಿಯ ಸ್ನೇಹ ಮಾಡಿಕೊಳ್ಳಿ. ನಮ್ಮ ತಾತನ ಕಾಗದ ಒಂದೂ ಉಳಿದಿಲ್ಲ ಅನ್ನುವುದು ನನಗೆ ಈಗಲೂ ಚುಚ್ಚುತ್ತದೆ.

ನಂಬರ್, ದಳ ಎರಡೂ ಕೈಗೆ ಬಂದ ಮೇಲೆ ಯಾರಿಗೆ ಬರೆಯಬೇಕು? ಬಹಳ ಜನ ಲಂಡನ್ನಿಗೆ ಬರೆಯುತ್ತಾರೆ. ಬ್ರಿಟಿಷರ ಸೇನೆ, ಕಾಗದವೂ ಅಲ್ಲೇ ಇರಬೇಕು ಎಂಬ ಲೆಕ್ಕ. ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಸಿಗುವ ಸೇವಾ ಕಡತಗಳು ಮುಖ್ಯವಾಗಿ ಅಧಿಕಾರಿಗಳವು. ಸಿಪಾಯಿ, ನಾಯಕ, ಹವಾಲ್ದಾರರ ಕಾಗದ ಇಲ್ಲೇ ಉಳಿಯಿತು, ಆಯಾ ದಳದ ರೆಕಾರ್ಡ್ಸ್ ಆಫೀಸಿನಲ್ಲಿ. ಮದ್ರಾಸ್ ಸ್ಯಾಪರ್ಸ್ (ಸೇನೆಯ ಎಂಜಿನಿಯರ್ ದಳ) ಆಗಿದ್ದರೆ ಬೆಂಗಳೂರಿನ ಎಂ.ಇ.ಜಿ. (ಮದ್ರಾಸ್ ಎಂಜಿನಿಯರ್ ಗ್ರೂಪ್) ರೆಕಾರ್ಡ್ಸ್, ಮದ್ರಾಸ್ ರೆಜಿಮೆಂಟ್ ಆದರೆ ನೀಲಗಿರಿಯ ವೆಲಿಂಗ್ಟನ್, ಮರಾಠಾ ಲೈಟ್ ಇನ್‌ಫೆಂಟ್ರಿ ಆದರೆ ಬೆಳಗಾವಿ, ಫಿರಂಗಿ ದಳಕ್ಕೆ ನಾಸಿಕ್ ರೋಡ್, ಸಿಗ್ನಲ್ಸ್‌ಗೆ ಜಬಲ್‌ಪುರ, ವೈದ್ಯಕೀಯ ದಳಕ್ಕೆ ಲಖನೌ. ಮೈಸೂರು ಸಂಸ್ಥಾನದ ಸ್ವಂತ ಪಡೆಯವರದು ಬೇರೆ ಕಥೆ. ಸ್ವಾತಂತ್ರ್ಯಾನಂತರ ಆ ಪಡೆಗಳು ಭಾರತೀಯ ಸೇನೆಯಲ್ಲಿ ವಿಲೀನವಾದವು. ಕಾಲಾಳುಗಳು ಮದ್ರಾಸ್ ರೆಜಿಮೆಂಟಿಗೆ, ಮೈಸೂರು ಲ್ಯಾನ್ಸರ್ಸ್‌ನ ಕುದುರೆಯವರು 61ನೇ ಕ್ಯಾವಲ್ರಿಗೆ ಹೋದರು. ಅಲ್ಲಿಂದಲೇ ಹುಡುಕಾಟ ಶುರು.

ಕಾಗದ ಬರೆಯುವಾಗ ಪುರಾಣ ಬೇಡ. ನನ್ನ ಮೊದಲ ಅರ್ಜಿ ಎರಡೂವರೆ ಪುಟ ಇತ್ತು, ಹಿಮದ ಕಥೆಯೂ ಇತ್ತು. ಒಂದು ಕಚೇರಿಗೆ ಕಳಿಸಿದೆ. 'ವಿವರ ಸಾಲದು' ಎಂಬ ಒಂದೇ ಸಾಲಿನೊಂದಿಗೆ ವಾಪಸ್ ಬಂತು. ಎರಡೂವರೆ ಪುಟದಲ್ಲಿ ನಂಬರ್ ಕೊನೆಯ ಪ್ಯಾರಾದಲ್ಲಿ ಅಡಗಿ ಕೂತಿತ್ತು, ತಪ್ಪು ನನ್ನದೇ. ಎರಡನೇ ಸಲ ಅರ್ಧ ಪುಟ. ಮೇಲೆಯೇ ನಂಬರ್, ಹುದ್ದೆ, ಪದಕದ ಮೇಲಿದ್ದ ಕಾಗುಣಿತದಲ್ಲೇ ಹೆಸರು, ತಂದೆಯ ಹೆಸರು, ಅಂದಿನ ಊರು ಜಿಲ್ಲೆ, ಸೇರಿದ ಬಿಟ್ಟ ವರ್ಷ. ಜೊತೆಗೆ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ಪಡೆದ ವಂಶವೃಕ್ಷ, ನನ್ನ ಗುರುತಿನ ಚೀಟಿ, ಪದಕದ ಫೋಟೋ.

ಈಗ ಹೇಳುವುದನ್ನು ಮಾತ್ರ ಗಮನವಿಟ್ಟು ಓದಿ, ಇದು ತಿಳಿಯದೆ ಬಹಳ ಮಂದಿ ಅರ್ಧಕ್ಕೇ ಕೈಬಿಡುತ್ತಾರೆ. ಯುದ್ಧಕ್ಕೆಂದು ಸೇರಿ, ಮುಗಿದ ಮೇಲೆ ಮನೆಗೆ ಬಂದವರಲ್ಲಿ ಹೆಚ್ಚಿನವರಿಗೆ ಪಿಂಚಣಿ ಇರಲಿಲ್ಲ. ಪಿಂಚಣಿ ಇಲ್ಲದವರ ಸೇವಾ ಕಡತವನ್ನು, ಅಂದರೆ ಶೀಟ್ ರೋಲನ್ನು, 25 ವರ್ಷದ ನಂತರ ನಾಶಮಾಡಬೇಕೆಂದು ಸೇನೆಯ ನಿಯಮವೇ ಇದೆ. ಹಾಗಾಗಿ 'ದಾಖಲೆ ನಾಶವಾಗಿದೆ' ಎಂಬ ಉತ್ತರ ಬಂದರೆ ಅದು ಉಡಾಫೆಯಲ್ಲ. ಆದರೆ ಅಲ್ಲಿಗೇ ನಿಲ್ಲಬೇಡಿ. ಲಾಂಗ್ ರೋಲ್ ಎಂಬ ಇನ್ನೊಂದು ದಪ್ಪ ರಿಜಿಸ್ಟರ್ ಇದೆ, ಅದನ್ನು ಶಾಶ್ವತವಾಗಿ ಇಡುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಸಾಲು. ನಿಮ್ಮ ಅರ್ಜಿಯಲ್ಲಿ ಸ್ಪಷ್ಟವಾಗಿ ಹೀಗೆ ಕೇಳಿ: ಶೀಟ್ ರೋಲ್ ಇಲ್ಲದಿದ್ದರೆ ಲಾಂಗ್ ರೋಲಿನ ಉದ್ಧೃತ ಭಾಗ ಕೊಡಿ. ಆ ಎರಡು ಪದ ಬರೆಯದಿದ್ದರೆ ಯಾರೂ ತಾವಾಗಿ ಆ ರಿಜಿಸ್ಟರ್ ಕೆಳಗಿಳಿಸುವುದಿಲ್ಲ.

ಸಾದಾ ಅರ್ಜಿಗೆ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಖಾಸಗಿ ಮಾಹಿತಿ ಎಂದು ನಿರಾಕರಿಸಿದರೆ ಕಾಯ್ದೆಯ ಸೆಕ್ಷನ್ 8(3) ನೆನಪಿಸಿ. 20 ವರ್ಷಕ್ಕಿಂತ ಹಳೆಯ ಸಂಗತಿಗೆ ಕೆಲವೇ ವಿನಾಯಿತಿಗಳು ಅನ್ವಯಿಸುತ್ತವೆ, ಖಾಸಗಿತನದ್ದು ಅವುಗಳಲ್ಲಿ ಸೇರಿಲ್ಲ.

ಯುದ್ಧದಿಂದ ಮರಳದೇ ಹೋದವರನ್ನು ಹುಡುಕುವುದು, ಹೇಳಲು ಸಂಕಟವಾದರೂ, ಹೆಚ್ಚು ಸುಲಭ. ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಜಾಲತಾಣದಲ್ಲಿ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗೆ ಸೇವೆಯಲ್ಲಿದ್ದು ಸತ್ತವರ ಹೆಸರುಗಳಿವೆ. ಹುಡುಕಲು ದುಡ್ಡಿಲ್ಲ. ನಂಬರ್ ಹಾಕಿ ಹುಡುಕಿ. ಸಮಾಧಿ ಕಾಣದಿದ್ದರೆ ಗಾಬರಿ ಬೇಡ, ದಹನವಾದ ಹಿಂದೂ ಸೈನಿಕರ ಹೆಸರನ್ನು ಪ್ರತ್ಯೇಕ ಸ್ಮಾರಕಗಳ ಮೇಲೆ ಕೆತ್ತಿದ್ದಾರೆ. ಬರ್ಮಾದಲ್ಲಿ ಕಾಣೆಯಾದವರು ಟೌಕ್ಯಾನ್‌ನ ರಂಗೂನ್ ಸ್ಮಾರಕದಲ್ಲಿ ಇರುತ್ತಾರೆ, ಅಲ್ಲಿ ಸುಮಾರು 27,000 ಹೆಸರಿವೆ. 1942ರ ಫೆಬ್ರವರಿ 15ರಂದು ಸಿಂಗಪುರ ಬಿದ್ದಾಗ ಮೈಸೂರು ಸಂಸ್ಥಾನದ ಕಾಲಾಳು ಪಡೆಯೂ ಅಲ್ಲಿತ್ತು. ಅಂಥವರು ಸತ್ತಿದ್ದರೆ ಕ್ರಾಂಜಿಯ ಸಿಂಗಪುರ ಸ್ಮಾರಕ ನೋಡಿ. ಆಜಾದ್ ಹಿಂದ್ ಫೌಜಿಗೆ ಹೋಗಿದ್ದರೆಂಬ ಮಾತು ಮನೆಯಲ್ಲಿದ್ದರೆ ದೆಹಲಿಯ ರಾಷ್ಟ್ರೀಯ ಪತ್ರಾಗಾರದ ಕಾಗದಗಳನ್ನು ನೋಡಬೇಕು. ಅದರ ಅಭಿಲೇಖ್ ಪಟಲ್ ಜಾಲತಾಣದಲ್ಲಿ ಮನೆಯಿಂದಲೇ ಹುಡುಕಬಹುದು.

ಇಷ್ಟಾದ ಮೇಲೂ ದಾಹ ಇದ್ದರೆ ತುಕಡಿಯ ಯುದ್ಧ ದಿನಚರಿ. ಲಂಡನ್ನಿನ ಕ್ಯೂ ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಮಧ್ಯಪ್ರಾಚ್ಯದ್ದು ಡಬ್ಲ್ಯೂ.ಓ. (ವಾರ್ ಆಫೀಸ್) 169, ಇಟಲಿಯದು 170, ಬರ್ಮಾದ್ದು 172 ಎಂಬ ಸರಣಿಗಳಲ್ಲಿವೆ. ಸಿಪಾಯಿಗಳ ಹೆಸರು ಅವುಗಳಲ್ಲಿ ಅಪರೂಪ. ಯಾವ ದಿನ ಎಷ್ಟು ಲಾರಿ ಎಲ್ಲಿಗೆ ಹೋದವು ಎಂಬುದು ಮಾತ್ರ ತಿಳಿಯುತ್ತದೆ, ನನಗೆ ಅದೇ ಬೇಕಿತ್ತು.

ನನ್ನ ಕೈಗೆ ಕೊನೆಗೆ ಬಂದದ್ದು ಲಾಂಗ್ ರೋಲಿನ ಒಂದು ಸಾಲು. ಸೇರಿದ ದಿನ, ಬಿಡುಗಡೆಯ ದಿನ, ಬಿಡುಗಡೆಯ ಕಾರಣ. ಅದನ್ನು ಪದಕದ ಪಕ್ಕ ಇಟ್ಟರೆ 1944ರ ಚಳಿಗಾಲ ಇಟಲಿಯಲ್ಲಿ ಬೀಳುತ್ತದೆ. ಅಪೆನೈನ್ ಬೆಟ್ಟಗಳಲ್ಲಿ ಭಾರತೀಯ ಡಿವಿಷನ್‌ಗಳು ಹಿಮದಲ್ಲಿ ಸಿಕ್ಕಿಕೊಂಡಿದ್ದ ಚಳಿಗಾಲ. ಅತ್ತೆಗೆ ನಕಾಶೆ ಹರವಿ ಎಲ್ಲವನ್ನೂ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ಬೆರಳಿಟ್ಟು ನೋಡಿದರು. "ಅಂದ್ರೆ ಬರ್ಮಾಕ್ಕೆ ಈ ದಾರೀಲಿ ಹೋದ್ರಾ?" ಅಂದರು.