ಹಿಂದಿನ ಸೀಟಿಗೊಂದು ದೀಪ: ಕಾರಿನೊಳಗೆ ನಾನೇ ಲೈಟ್ ಹಾಕಿದ್ದು ಹೀಗೆ

ಬೇಸ್ ಮಾಡೆಲ್ ಕಾರು ತಗೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಳಗೆ ಇರೋದು ಒಂದೇ ದೀಪ, ಅದೂ ಮುಂದೆ ಕನ್ನಡಿ ಹತ್ತಿರ. ಹಿಂದೆ ಕೂತವರ ಮಡಿಲಿಗೆ ಅದರ ಬೆಳಕು ಬೀಳೋದೇ ಇಲ್ಲ, ಮುಂದಿನ ಸೀಟುಗಳೇ ಅಡ್ಡ ಬರುತ್ತವೆ. ರಾತ್ರಿ ಊರಿಗೆ ಹೊರಟರೆ ಅಮ್ಮ ಬ್ಯಾಗಿನಿಂದ ಮಾತ್ರೆ ತೆಗೀಬೇಕು, ಮಗಳು ಬಿದ್ದ ಚಪ್ಪಲಿ ಹುಡುಕಬೇಕು, ಎಲ್ಲದಕ್ಕೂ ಮೊಬೈಲ್ ಟಾರ್ಚೇ ಗತಿ. "ಹಿಂದೆ ಕೂತ್ರೆ ಬಾವಿಯೊಳಗೆ ಇಳಿದ ಹಾಗಿರುತ್ತೆ ಕಣೋ" ಅಂತ ಅಮ್ಮ ಪ್ರತಿ ಸಲ ಹೇಳ್ತಾನೇ ಇದ್ದರು.

ಆಕ್ಸೆಸರೀಸ್ ಅಂಗಡಿಯೊಂದರಲ್ಲಿ ಕೇಳಿದೆ. "ಸಿಗರೇಟ್ ಲೈಟರ್‌ನಿಂದ ವೈರ್ ಎಳೆದು ಕೊಡ್ತೀವಿ ಸಾರ್, ಅರ್ಧ ಗಂಟೆ ಕೆಲಸ" ಅಂದರು. ಹೆಚ್ಚಿನ ಕಾರುಗಳಲ್ಲಿ ಆ ಸಾಕೆಟ್‌ಗೆ ಕರೆಂಟ್ ಬರೋದು ಕೀ ತಿರುಗಿಸಿದ ಮೇಲೆ. ಕಾರು ನಿಲ್ಲಿಸಿ, ಕೀ ತೆಗೆದು, ಹಿಂದಿನ ಬಾಗಿಲು ತೆರೆದಾಗ ತಾನೇ ನಮಗೆ ಬೆಳಕು ಬೇಕಿರೋದು? ಆಗಲೇ ಅದು ಸತ್ತಿರುತ್ತೆ. ನನಗೆ ಬೇಕಿದ್ದದ್ದು ಕಂಪನಿ ದೀಪದ ಥರಾನೇ ನಡೆದುಕೊಳ್ಳೋ ದೀಪ. ಬಾಗಿಲು ತೆರೆದರೆ ಹತ್ತಬೇಕು, ಮುಚ್ಚಿದರೆ ಆರಬೇಕು, ಬೇಕೆಂದಾಗ ಸ್ವಿಚ್ ಒತ್ತಿಯೂ ಹಚ್ಚೋ ಹಾಗಿರಬೇಕು. ಇಂಥ ದೀಪಕ್ಕೆ ಯಾವ ಎಲ್‌ಇಡಿ ಹಾಕಿದರೂ ನಡೆಯುತ್ತೆ. ಕೆಲಸದ ಜುಟ್ಟು ಇರೋದು ಪ್ಲಸ್ ಎಲ್ಲಿಂದ, ಮೈನಸ್ ಎಲ್ಲಿಂದ ತಗೋತೀರಿ ಅನ್ನೋದರಲ್ಲಿ.

ಮನೆ ವೈರಿಂಗ್ ನೋಡಿದವರಿಗೆ ಕಾರಿನ ಒಳದೀಪ ಸ್ವಲ್ಪ ಉಲ್ಟಾ ಅನ್ನಿಸುತ್ತೆ. ಮನೆಯಲ್ಲಿ ಸ್ವಿಚ್ ಇರೋದು ಫೇಸ್ ವೈರಿನಲ್ಲಿ. ನಮ್ಮ ಕಾರಿನಂಥ ಸರಳ ವೈರಿಂಗ್‌ನಲ್ಲಿ ದೀಪಕ್ಕೆ ಪ್ಲಸ್ ಯಾವಾಗಲೂ ಬಂದೇ ಇರುತ್ತೆ, ಕೀ ಇರಲಿ ಬಿಡಲಿ. ಬಾಗಿಲ ಹತ್ತಿರ ಕಂಬದಲ್ಲಿ ಒಂದು ಒತ್ತು ಬಟನ್ ಇರುತ್ತೆ ನೋಡಿ, ರಬ್ಬರ್ ಟೋಪಿ ಹಾಕಿಕೊಂಡಿರೋದು, ಅದು ದೀಪದ ಮೈನಸ್ಸನ್ನು ಕಾರಿನ ಲೋಹದ ಬಾಡಿಗೆ, ಅಂದರೆ ಅರ್ತ್‌ಗೆ, ಸೇರಿಸುತ್ತೆ, ಬಿಡಿಸುತ್ತೆ. ಬಾಗಿಲು ತೆರೆದರೆ ಬಟನ್ ಹೊರಗೆ ಬರುತ್ತೆ, ಬಾಡಿ ಅರ್ತ್ ಸಿಗುತ್ತೆ, ದೀಪ ಹತ್ತುತ್ತೆ. ಹಾಗಾಗಿ ಮುಂದಿನ ದೀಪದ ಹಿಂದೆ ಮೂರು ವೈರ್ ಇರುತ್ತವೆ: ಸದಾ ಪ್ಲಸ್, ಸದಾ ಅರ್ತ್, ಇನ್ನೊಂದು ಬಾಗಿಲ ವೈರ್. ಈ ಮೂರನ್ನು ಗುರುತಿಸಿಕೊಂಡರೆ ಮುಕ್ಕಾಲು ಕೆಲಸ ಮುಗೀತು.

ಗುರುತಿಸೋದು ಹೇಗೆ? ಬಣ್ಣ ನೋಡಿ ನಂಬಬೇಡಿ, ಒಂದೊಂದು ಕಾರಿನಲ್ಲಿ ಒಂದೊಂದು ಬಣ್ಣ. ದೀಪದ ಪ್ಲಾಸ್ಟಿಕ್ ಮುಚ್ಚಳವನ್ನು ಹಳೇ ಎಟಿಎಂ ಕಾರ್ಡ್ ತೂರಿಸಿ ಎಬ್ಬಿಸಿದೆ. ಸ್ಕ್ರೂಡ್ರೈವರ್ ಹಾಕಿದರೆ ಅಂಚು ಕಚ್ಚಿ ಹೋಗುತ್ತೆ. ಬಲ್ಬು ಅದರ ಜಾಗದಲ್ಲೇ ಇರಲಿ, ಸ್ವಿಚ್ 'ಡೋರ್' ಕಡೆಗಿರಲಿ. ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಬಾಡಿಯ ಬರಿ ಲೋಹಕ್ಕೆ ಹಿಡಿದು (ಸೀಟಿನ ಬೋಲ್ಟ್ ಆದೀತು), ಕೆಂಪು ಕಡ್ಡಿಯಿಂದ ಒಂದೊಂದೇ ವೈರ್ ಮುಟ್ಟುತ್ತಾ ಬಂದೆ. ಬಾಗಿಲು ತೆರೆದರೂ ಮುಚ್ಚಿದರೂ 12 ವೋಲ್ಟ್ ಮೇಲೆ ತೋರಿಸೋದು ಸದಾ ಪ್ಲಸ್. ಯಾವಾಗಲೂ ಸೊನ್ನೆ ತೋರಿಸೋದು ಅರ್ತ್. ಬಾಗಿಲು ಮುಚ್ಚಿದಾಗ 12, ತೆರೆದಾಗ ಸೊನ್ನೆಗೆ ಇಳಿಯೋದು ಬಾಗಿಲ ವೈರ್. ಬಲ್ಬು ತೆಗೆದು ನೋಡಿದರೆ ಇದು ಗೊತ್ತಾಗಲ್ಲ, ಯಾಕೆಂದರೆ ಮುಚ್ಚಿದಾಗ ಆ ವೈರಿಗೆ 12 ಬರೋದೇ ಬಲ್ಬಿನ ಮೂಲಕ. ಗುರುತು ಸಿಕ್ಕ ತಕ್ಷಣ ಮೂರಕ್ಕೂ ಬಣ್ಣದ ಟೇಪ್ ಸುತ್ತಿ ಇಟ್ಟೆ.

ಇನ್ನು ಸಾಮಾನು. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಎಲ್ಲವೂ ಸಿಗುತ್ತೆ, ಒಂದು ಸುತ್ತು ಹಾಕಿದರೆ ಸಾಕು. ಒಂದು ಚಿಕ್ಕ ಎಲ್‌ಇಡಿ ಪ್ಯಾನಲ್, ಕೆಂಪು ಕಪ್ಪು ವೈರ್, ಇನ್‌ಲೈನ್ ಫ್ಯೂಸ್ ಹೋಲ್ಡರ್, ಮೂರು ಕಾಲಿನ ಸ್ವಿಚ್, ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ವೈರಿಗೆ ಅಂಟಿಕೊಳ್ಳೋ ಕೊಳವೆ), ಬಟ್ಟೆ ಟೇಪ್. ಮಲ್ಟಿಮೀಟರ್ ಮನೆಯಲ್ಲೇ ಇತ್ತು. ಅದು ಬಿಟ್ಟರೆ ಒಟ್ಟು ಖರ್ಚು ಐನೂರು ರೂಪಾಯಿ ದಾಟಲಿಲ್ಲ.

ಪ್ಯಾನಲ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಮೇಲೆ 12 ವೋಲ್ಟ್ ಅಂತ ಬರೆದಿರುತ್ತಾರೆ, ನಿಜಕ್ಕೂ ಕಾರಿನಲ್ಲಿ ಸರಿಯಾಗಿ 12 ಇರೋದು ಅಪರೂಪ. ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್ 14ರ ಆಸುಪಾಸಿನಲ್ಲಿ ಕೊಡುತ್ತಿರುತ್ತೆ, 14.4 ಕೂಡ ಆಗಬಹುದು. ಎರಡು ವೋಲ್ಟ್ ತಾನೇ, ಏನು ಮಹಾ ಅನ್ನಿಸುತ್ತೆ ಅಲ್ವಾ? ಲೆಕ್ಕ ಹಾಕಿ ನೋಡಿ. ಅಗ್ಗದ ಪ್ಯಾನಲ್‌ಗಳಲ್ಲಿ ಮೂರು ಬಿಳಿ ಎಲ್‌ಇಡಿ ಸಾಲಾಗಿ, ಜೊತೆಗೆ ಕರೆಂಟ್ ತಡೆಯೋ ಒಂದು ರೆಸಿಸ್ಟರ್. ಮೂರು ಎಲ್‌ಇಡಿ ಸೇರಿ ಸುಮಾರು 9.3 ವೋಲ್ಟ್ ನುಂಗುತ್ತವೆ. 12 ವೋಲ್ಟಿನಲ್ಲಿ ರೆಸಿಸ್ಟರ್ ಪಾಲಿಗೆ ಉಳಿಯೋದು 2.7. ಅದೇ 14.4 ಆದರೆ 5.1. ಅಂದರೆ ಕರೆಂಟ್ ಹೆಚ್ಚುಕಡಿಮೆ ಎರಡರಷ್ಟಾಯಿತು. ಕಾರಿಗೆ ಹಾಕಿದ ಅಗ್ಗದ ಎಲ್‌ಇಡಿಗಳು ಬೇಗ ಮಂಕಾಗಿ, ಆಮೇಲೆ ಮಿಣುಕಿ ಸಾಯೋದಕ್ಕೆ ಇದೊಂದು ದೊಡ್ಡ ಕಾರಣ. ನನ್ನ ಪ್ಯಾನಲ್ 12 ವೋಲ್ಟ್ ಅಡಾಪ್ಟರಿನಲ್ಲಿ 0.2 ಆಂಪಿಯರ್ ಎಳೀತಿತ್ತು. ಅದಕ್ಕೆ 10 ಓಮ್, 2 ವ್ಯಾಟಿನ ಒಂದು ರೆಸಿಸ್ಟರ್ ಸರಣಿಯಲ್ಲಿ ಸೇರಿಸಿದೆ. ಈಗ ಎಂಜಿನ್ ಓಡುವಾಗಲೂ 0.2ರ ಆಸುಪಾಸಿನಲ್ಲೇ ನಿಲ್ಲುತ್ತೆ, ಎಂಜಿನ್ ಆಫ್ ಇದ್ದಾಗ ಇನ್ನೂ ಕಡಿಮೆ. ಬೆಳಕು ಸ್ವಲ್ಪ ತಗ್ಗಿತು, ಕಾರಿನೊಳಗೆ ಅಷ್ಟು ಸಾಕು. ಎರಡು ರೂಪಾಯಿ ರೆಸಿಸ್ಟರು, ಆದರೆ ಪ್ಯಾಕೆಟ್ಟಿನ ಮೇಲೆ ಇದನ್ನು ಯಾರೂ ಬರೆಯಲ್ಲ.

ಬಣ್ಣ ವಾರ್ಮ್ ವೈಟ್ ತಗೊಳ್ಳಿ. ಅಚ್ಚ ಬಿಳಿ ಲೈಟು ಅಂಗಡಿಯಲ್ಲಿ ಚೆನ್ನಾಗಿ ಕಾಣುತ್ತೆ, ಕತ್ತಲಲ್ಲಿ ಕಣ್ಣಿಗೆ ಚುಚ್ಚುತ್ತೆ.

ಫ್ಯೂಸ್ ಯಾಕೆ, ಫ್ಯೂಸ್ ಬಾಕ್ಸಿನಲ್ಲಿ ಈಗಾಗಲೇ ಒಂದಿದೆಯಲ್ಲ ಅಂತ ನಮ್ಮ ಭಾವ ಕೇಳಿದರು. ಇದೆ, ಆದರೆ ಅದು 15 ಆಂಪಿಯರಿನದು, ಕಂಪನಿ ಹಾಕಿದ ದಪ್ಪ ವೈರಿಗೆ ಲೆಕ್ಕ. ನಾನು ಎಳೆದಿರೋದು 0.5 ಚದರ ಮಿಲಿಮೀಟರಿನ ಸಣ್ಣ ವೈರ್. ಅದು ಎಲ್ಲೋ ಉಜ್ಜಿ ಬಾಡಿಗೆ ತಗುಲಿದರೆ 15ರ ಫ್ಯೂಸ್ ಹಾರೋ ಮುಂಚೆ ವೈರೇ ಕಾದು ಕೆಂಪಾಗಬಹುದು, ಅದೂ ರೂಫಿನ ಫೋಮಿನ ಹತ್ತಿರ. ಫ್ಯೂಸ್ ಇರೋದು ದೀಪ ಕಾಯೋಕಲ್ಲ ಭಾವ, ವೈರ್ ಕಾಯೋಕೆ ಅಂದೆ. ಅದಕ್ಕೇ ಜೋಡಣೆ ಮಾಡಿದ ಜಾಗದ ಪಕ್ಕದಲ್ಲೇ 1 ಆಂಪಿಯರ್ ಫ್ಯೂಸ್. ದೀಪದ ಹತ್ತಿರ ಇಟ್ಟರೆ ನಡುವಿನ ವೈರಿಗೆ ರಕ್ಷಣೆಯೇ ಇರಲ್ಲ.

ವೈರಿಗೆ ಕೈ ಹಾಕೋ ಮೊದಲು ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿ. 10 ಎಂಎಂ ಸ್ಪ್ಯಾನರ್ ಸಾಕು. ರೇಡಿಯೋ ಸ್ಟೇಷನ್ನು, ಗಡಿಯಾರ ಅಳಿಸಿ ಹೋಗುತ್ತವೆ, ಹೋಗಲಿ.

ಹಳೇ ವೈರಿಗೆ ಹೊಸ ವೈರ್ ಸೇರಿಸೋಕೆ ಕಚ್ಚಿ ಹಿಡಿಯೋ ನೀಲಿ ಕ್ಲಿಪ್ ಸಿಗುತ್ತೆ, ಅಂಗಡಿಯವರಿಗೆಲ್ಲ ಅದೇ ಪ್ರೀತಿ. ಸಣ್ಣ ವೈರಿನ ಎಳೆಗಳನ್ನು ಅದು ಅರ್ಧ ಕತ್ತರಿಸಿಬಿಡುತ್ತೆ, ದಿನಾ ಗಡಗಡ ಅಲುಗಾಡಿದ ಮೇಲೆ ಉಳಿದ ಎಳೆಗಳೂ ಸಡಿಲ. ನಾನು ಹಳೇ ವೈರಿನ ಸಿಪ್ಪೆಯನ್ನು ಒಂದು ಸೆಂಟಿಮೀಟರಷ್ಟು ಮಾತ್ರ ಸರಿಸಿ, ಹೊಸದನ್ನು ಸುತ್ತಿ, ಸೋಲ್ಡರ್ ಮಾಡಿದೆ. ಹಳೇದನ್ನು ಕತ್ತರಿಸಿಲ್ಲ, ಹಾಗಾಗಿ ಅಲ್ಲಿ ಸ್ಲೀವ್ ತೂರಿಸೋಕೆ ಆಗಲ್ಲ, ಬಟ್ಟೆ ಟೇಪೇ ಗಟ್ಟಿಯಾಗಿ ಸುತ್ತಬೇಕು. ಸೋಲ್ಡರ್ ಮಾಡುವಾಗ ಸೀಟಿನ ಮೇಲೆ ಹಳೇ ಟವೆಲ್ ಹಾಸಿ, ಬಿಸಿ ಹನಿ ಬಿದ್ದರೆ ಸೀಟ್ ಕವರ್ ತೂತು. ಸಾಮಾನ್ಯ ಪಿವಿಸಿ ಇನ್ಸುಲೇಷನ್ ಟೇಪ್ ಕಾರಿಗೆ ಬೇಡ. ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಾರಿನ ರೂಫ್ ಎಷ್ಟು ಕಾಯುತ್ತೆ ಅಂತ ಗೊತ್ತಲ್ಲ, ಅದರ ಗೋಂದು ಕರಗಿ ಜಾರಿ ಬಿಚ್ಚಿಕೊಳ್ಳುತ್ತೆ. ಬಟ್ಟೆ ಟೇಪ್ ಗಟ್ಟಿ ನಿಲ್ಲುತ್ತೆ, ಜೊತೆಗೆ ವೈರ್ ಅಲುಗಿ ಕಟಕಟ ಸದ್ದು ಮಾಡಲ್ಲ.

ವೈರ್ ಎಳೆಯೋದು ನಿಧಾನದ ಕೆಲಸ. ಮುಂದಿನ ದೀಪದ ತೂತಿನಿಂದ ಎಡಗಡೆಗೆ, ಅಲ್ಲಿಂದ ಬಾಗಿಲುಗಳ ಮೇಲಂಚಿನ ಉದ್ದಕ್ಕೂ ಹಿಂದಕ್ಕೆ. ಬಾಗಿಲ ರಬ್ಬರ್ ಬೀಡಿಂಗ್ ಕೈಯಲ್ಲೇ ಎಳೆದರೆ ಬರುತ್ತೆ, ರೂಫ್ ಬಟ್ಟೆಯ ಅಂಚು ಅದರ ಕೆಳಗೇ ಸಿಕ್ಕಿಕೊಂಡಿರುತ್ತೆ. ದೀಪದಿಂದ ಅಂಚಿನವರೆಗೆ ಬೈಂಡಿಂಗ್ ವೈರ್ ತೂರಿಸಿದೆ, ತುದಿಯನ್ನು ದುಂಡಗೆ ಮಡಚಿ, ಇಲ್ಲದಿದ್ದರೆ ಬಟ್ಟೆಯನ್ನು ಚುಚ್ಚಿ ಹೊರಗೆ ಬರುತ್ತೆ. ಅಂಚಿನಲ್ಲಿ ಐಸ್‌ಕ್ರೀಮ್ ಕಡ್ಡಿಯಿಂದ ಒಳಗೆ ತಳ್ಳುತ್ತಾ ಹೋದರೆ ಸಾಕು. ಬೀಡಿಂಗನ್ನು ಮತ್ತೆ ಅಂಗೈಯಿಂದ ಗುದ್ದಿ ಕೂರಿಸಿ.

ಇಲ್ಲೊಂದು ಮಾತು, ಇದನ್ನು ಹಗುರಾಗಿ ತಗೋಬೇಡಿ. ನಮ್ಮ ಕಾರಿನಲ್ಲಿರೋದು ಮುಂದಿನ ಎರಡು ಏರ್‌ಬ್ಯಾಗ್ ಮಾತ್ರ, ಅದಕ್ಕೇ ಈ ದಾರಿ ಹಿಡಿದೆ. ಕರ್ಟನ್ ಏರ್‌ಬ್ಯಾಗ್ ಇರೋ ಕಾರಿನಲ್ಲಿ ಆ ಚೀಲ ಮಡಚಿ ಕೂತಿರೋದು ಇದೇ ಬಾಗಿಲ ಮೇಲಂಚಿನಲ್ಲಿ. ಕಂಬದ ಪ್ಲಾಸ್ಟಿಕ್ಕಿನ ಮೇಲೆ 'ಏರ್‌ಬ್ಯಾಗ್' ಅಂತ ಅಚ್ಚು ಹಾಕಿರುತ್ತಾರೆ, ಅದು ಕಂಡರೆ ಆ ಅಂಚಿನ ಸಹವಾಸವೇ ಬೇಡ. ಅದರ ಮುಂದೆ ವೈರ್ ಹಾದರೆ ಚೀಲ ಬಿಚ್ಚಿಕೊಳ್ಳುವಾಗ ಅಡ್ಡಿ. ಏರ್‌ಬ್ಯಾಗಿನ ಹಳದಿ ಕನೆಕ್ಟರ್ ಕಂಡರೂ ಅಷ್ಟೇ, ಮಲ್ಟಿಮೀಟರ್ ಕಡ್ಡಿಯೂ ಮುಟ್ಟಿಸಬೇಡಿ. ಅಂಥ ಕಾರಿದ್ದರೆ ಒಳ್ಳೆ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಮಾಡಿಸಿ, ಇಲ್ಲ ಯುಎಸ್‌ಬಿಯಲ್ಲಿ ಚಾರ್ಜ್ ಆಗೋ ಅಂಟಿಸೋ ಲೈಟ್ ಹಾಕಿಕೊಳ್ಳಿ, ನಾಚಿಕೆ ಏನಿಲ್ಲ.

ಪ್ಯಾನಲ್ ಜೊತೆ ಡಬಲ್ ಟೇಪ್ ಕೊಟ್ಟಿರುತ್ತಾರೆ. ರೂಫ್ ಬಟ್ಟೆಗೆ ಅದು ನಿಲ್ಲಲ್ಲ, ಬಿದ್ದರೆ ಬಟ್ಟೆಯ ನೂಲನ್ನೂ ಕಿತ್ತುಕೊಂಡು ಬರುತ್ತೆ. ಹಿಂದಿನ ಎಡ ಬಾಗಿಲ ಮೇಲೆ ಕೈ ಹಿಡಿಕೆ ಇದೆಯಲ್ಲ, ಅದರ ಸ್ಕ್ರೂ ಬಿಚ್ಚಿ, ಕೆಳಗೆ ಒಂದು ಅಲ್ಯೂಮಿನಿಯಂ ಪಟ್ಟಿ ಸೇರಿಸಿ, ಅದರ ಮೇಲೆ ಪ್ಯಾನಲ್ ಅಂಟಿಸಿದೆ. ಪಟ್ಟಿಯ ಅಂಚನ್ನು ಮರಳು ಕಾಗದದಿಂದ ಉಜ್ಜಿ ನುಣುಪು ಮಾಡಿದೆ, ಮಕ್ಕಳ ಕೈ ಅಲ್ಲೇ ಓಡಾಡೋದು. ಇದರಲ್ಲಿ ಎರಡು ಲಾಭ. ಎಲ್‌ಇಡಿ ಬಿಸಿಯನ್ನು ಪಟ್ಟಿ ಎಳೆದುಕೊಳ್ಳುತ್ತೆ. ಮತ್ತೆ ಆ ಸ್ಕ್ರೂ ನೇರ ಬಾಡಿಗೇ ಹೋಗುತ್ತೆ, ಹಾಗಾಗಿ ಅರ್ತ್ ಅಲ್ಲೇ ಸಿಕ್ಕಿತು, ಮುಂದಿನಿಂದ ಇನ್ನೊಂದು ವೈರ್ ಎಳೆಯೋದು ತಪ್ಪಿತು. ಮಲ್ಟಿಮೀಟರಿನ ಬೀಪ್ ಕೇಳಿಯೇ ಖಚಿತ ಮಾಡಿಕೊಳ್ಳಿ, ಕೆಲವು ಕಡೆ ಪೇಂಟ್ ಅಡ್ಡ ಇರುತ್ತೆ.

ಸ್ವಿಚ್ ಜೋಡಣೆ ಬಹಳ ಸುಲಭ. ನಡುವಿನ ಕಾಲಿಗೆ ಪ್ಯಾನಲ್‌ನ ಮೈನಸ್. ಒಂದು ಪಕ್ಕದ ಕಾಲಿಗೆ ಬಾಗಿಲ ವೈರ್, ಇನ್ನೊಂದಕ್ಕೆ ಹಿಡಿಕೆಯ ಅರ್ತ್. ಪ್ಯಾನಲ್‌ನ ಪ್ಲಸ್ಸಿಗೆ ರೆಸಿಸ್ಟರ್ ಮೂಲಕ ಫ್ಯೂಸಿನಿಂದ ಬಂದ ಕೆಂಪು ವೈರ್. ಸ್ವಿಚ್ ಒಂದು ಕಡೆ ಒತ್ತಿದರೆ ಬಾಗಿಲ ಜೊತೆ ಹತ್ತುತ್ತೆ, ಇನ್ನೊಂದು ಕಡೆ ಒತ್ತಿದರೆ ಸದಾ ಉರಿಯುತ್ತೆ, ನಡುವೆ ಆಫ್. ಸ್ವಿಚ್ಚಿಗೆ ಮೂರು ನಿಲುವು ಇರಬೇಕು, ಎರಡೇ ಇರೋದು ತಂದರೆ ಆಫ್ ಮಾಡೋಕೆ ಜಾಗವೇ ಇರಲ್ಲ.

ಟರ್ಮಿನಲ್ ಹಾಕೋ ಮೊದಲು ಒಂದು ಪರೀಕ್ಷೆ. ಮಲ್ಟಿಮೀಟರನ್ನು 10 ಆಂಪಿಯರ್ ರೇಂಜಿಗಿಟ್ಟು, ಕೆಂಪು ಕಡ್ಡಿಯನ್ನೂ ಮೀಟರಿನ 10 ಆಂಪಿಯರ್ ಸಾಕೆಟ್ಟಿಗೆ ಬದಲಿಸಿ, ಬ್ಯಾಟರಿ ಮೈನಸ್ಸಿಗೂ ಬಿಚ್ಚಿದ ಕೇಬಲ್ಲಿಗೂ ನಡುವೆ ಹಿಡಿದೆ. ಬಾಗಿಲು ಮುಚ್ಚಿ, ಸ್ವಲ್ಪ ಹೊತ್ತು ಕಾದೆ. ಹತ್ತಾರು ಮಿಲಿಆಂಪಿಯರ್ ಬಂದರೆ ಸರಿ, ಗಡಿಯಾರ ರೇಡಿಯೋ ಅಷ್ಟು ತಿನ್ನುತ್ತವೆ. ನೂರಾರು ಬಂದರೆ ಎಲ್ಲೋ ದೀಪ ಉರೀತಿದೆ, ಇಲ್ಲ ಇನ್ನೇನೋ ಕರೆಂಟ್ ತಿನ್ನುತ್ತಿದೆ ಅಂತ ಅರ್ಥ. ಮೀಟರ್ ಹೀಗೆ ಇರುವಾಗ ಎಂಜಿನ್ ಸ್ಟಾರ್ಟ್ ಮಾಡೋಕೆ ಹೋಗಬೇಡಿ, ಮೀಟರಿನ ಫ್ಯೂಸ್ ಹಾರುತ್ತೆ, ಇಲ್ಲ ಮೀಟರೇ ಹಾಳಾಗುತ್ತೆ.

ಮರೆತು ರಾತ್ರಿಯಿಡೀ ಹೊಸ ಲೈಟ್ ಉರಿದರೆ? 12 ಗಂಟೆಗೆ 2 ಆಂಪಿಯರ್ ಅವರ್ ಕೂಡ ಆಗಲ್ಲ. ಚಿಕ್ಕ ಕಾರಿನ 35 ಆಂಪಿಯರ್ ಅವರ್ ಬ್ಯಾಟರಿ ಇದನ್ನು ತಡೆದುಕೊಳ್ಳುತ್ತೆ. ಹಳೇ 10 ವ್ಯಾಟ್ ಬಲ್ಬ್ ಅದೇ ಹೊತ್ತಿಗೆ 10 ತಿಂದಿರುತ್ತೆ. ಬೆಳಿಗ್ಗೆ ತಳ್ಳೋ ಕೆಲಸ ಬರೋದು ಅದರಿಂದ.

ಓಡಿಸುವಾಗ ಹಚ್ಚಿ ನೋಡಿದೆ. ಮೊದಲು ಮುಂದಿನ ಗಾಜಿನಲ್ಲಿ ಪ್ಯಾನಲ್‌ನ ಪ್ರತಿಬಿಂಬ ಕಾಣ್ತಿತ್ತು. ಪಟ್ಟಿಯನ್ನು ಸ್ವಲ್ಪ ಬಗ್ಗಿಸಿ ಬೆಳಕು ನೇರ ಸೀಟಿನ ಮೇಲೆ ಬೀಳೋ ಹಾಗೆ ಮಾಡಿದ ಮೇಲೆ ಹೋಯಿತು. ಆದರೂ ಹೆದ್ದಾರಿಯಲ್ಲಿ ಇದನ್ನು ಹಚ್ಚಿಕೊಂಡೇ ಓಡಿಸೋದು ನನಗೆ ಇಷ್ಟವಿಲ್ಲ. ಒಳಗೆ ಬೆಳಕಿದ್ದಷ್ಟೂ ಹೊರಗಿನ ಕತ್ತಲು ಜಾಸ್ತಿ, ಲೈಟಿಲ್ಲದ ಟ್ರ್ಯಾಕ್ಟರ್ ಟ್ರೈಲರ್ ಮುಂದಿದ್ದರೆ ಕಾಣೋದೇ ಇಲ್ಲ. "ಮಾತ್ರೆ ತಗೊಂಡಾಯ್ತಾ, ಆಫ್ ಮಾಡಮ್ಮ" ಅಂತ ಹೇಳೋದು ರೂಢಿಯಾಗಿದೆ.

ಹೊಸ ಕಾರುಗಳ ಕಥೆ ಸ್ವಲ್ಪ ಬೇರೆ. ಅವುಗಳಲ್ಲಿ ಬಾಗಿಲ ಸ್ವಿಚ್ ದೀಪಕ್ಕೆ ನೇರ ಬರಲ್ಲ, ನಡುವೆ ಬಾಡಿ ಕಂಟ್ರೋಲ್ ಮಾಡ್ಯೂಲ್ ಅನ್ನೋ ಎಲೆಕ್ಟ್ರಾನಿಕ್ ಪೆಟ್ಟಿಗೆ ಕೂತಿರುತ್ತೆ, ದೀಪ ನಿಧಾನವಾಗಿ ಆರೋದು ಅದರದೇ ಕೆಲಸ. ಇಂಥ ಕಡೆ ಎಲ್‌ಇಡಿ ಹಾಕಿದರೆ ಆಫ್ ಆದ ಮೇಲೂ ಮಿಣಮಿಣ ಅಂತ ಉಳಿಯಬಹುದು. ಮಾಡ್ಯೂಲಿನಿಂದ ಸೋರೋ ಚೂರು ಕರೆಂಟ್ ಬಲ್ಬಿಗೆ ಏನೂ ಅಲ್ಲ, ಎಲ್‌ಇಡಿಗೆ ಅದೇ ಸಾಕು. ಪ್ಯಾನಲ್‌ಗೆ ಸಮಾನಾಂತರವಾಗಿ ಒಂದು ಕಿಲೋಓಮ್, ಅರ್ಧ ವ್ಯಾಟ್ ರೆಸಿಸ್ಟರ್ ಹಾಕಿದರೆ ಸಾಮಾನ್ಯವಾಗಿ ಆರುತ್ತೆ. ವಾರಂಟಿ ಇರೋ ಕಾರಾದರೆ ವೈರಿಗೆ ಸೋಲ್ಡರ್ ಹಾಕೋ ಮುಂಚೆ ಸರ್ವಿಸ್ ಸೆಂಟರಿನಲ್ಲಿ ಕೇಳಿಕೊಳ್ಳಿ.

ಈಗ ಡಿಕ್ಕಿಗೂ ಒಂದು ಹಾಕು ಅಂತಿದ್ದಾರೆ ಮನೆಯಲ್ಲಿ. ಹಾಕಬಹುದು, ಹಿಡಿಕೆಯಿಂದ ಡಿಕ್ಕಿ ಪಕ್ಕಕ್ಕೆ ಅಂಥಾ ದೂರ ಏನಿಲ್ಲ. ದೀಪವನ್ನು ಡಿಕ್ಕಿ ಬಾಗಿಲಿಗೆ ಮಾತ್ರ ಹಾಕಲ್ಲ. ರೂಫಿಗೂ ಬಾಗಿಲಿಗೂ ನಡುವೆ ಇರೋ ರಬ್ಬರ್ ಕೊಳವೆಯಲ್ಲಿ ವೈರ್ ತೂರಿಸಬೇಕಾಗುತ್ತೆ, ತೆರೆದು ಮುಚ್ಚಿ ತೆರೆದು ಮುಚ್ಚಿ ಅಲ್ಲೇ ವೈರ್ ತುಂಡಾಗೋದು. ಪಕ್ಕದ ಪ್ಲಾಸ್ಟಿಕ್ ಹೊದಿಕೆಯ ಮೇಲೆ, ಸ್ಟೆಪ್ನಿ ತೆಗೆಯುವಾಗ ಕೈಗೆ ತಾಗದಷ್ಟು ಎತ್ತರದಲ್ಲಿ ಕೂರಿಸೋದು ಅಂತ ಲೆಕ್ಕ ಹಾಕಿಟ್ಟಿದ್ದೇನೆ.