ಎನ್‌ಕ್ರಿಪ್ಟ್ ಮಾಡಿದ ಪೆನ್‌ಡ್ರೈವ್‌ಗೆ ತಪ್ಪಿಲ್ಲದೆ ಟೈಪ್ ಮಾಡಬಲ್ಲ ಪಾಸ್‌ವರ್ಡ್

ಚಿಕ್ಕಮಗಳೂರಿನ ಕಾಫಿ ತೋಟಗಳ ಲೆಕ್ಕಪತ್ರವೂ ಕಾರ್ಮಿಕರ ಆಧಾರ್, ಬ್ಯಾಂಕ್ ಖಾತೆಯ ವಿವರಗಳೂ ಪೆನ್‌ಡ್ರೈವ್‌ನಲ್ಲಿ ಆಡಿಟರ್ ಕಚೇರಿಗೆ ಹೋಗುತ್ತಿರುವಾಗ, ಅದು ಬಸ್ಸಿನಲ್ಲಿ ಕಳೆದುಹೋದರೂ ಬೇರೆಯವರು ಓದಲಾಗದಂತೆ ಎನ್‌ಕ್ರಿಪ್ಟ್ ಮಾಡಿರಲೇಬೇಕು. ವಿಂಡೋಸ್ ಪ್ರೊ ಇರುವ ಕಂಪ್ಯೂಟರಿನಲ್ಲಿ ವಿಂಡೋಸ್‌ನದೇ ಎನ್‌ಕ್ರಿಪ್ಟ್ ಸೌಲಭ್ಯವಾದ ಬಿಟ್‌ಲಾಕರ್ ಮೂಲಕ ಇದು ಸುಲಭ. ಹೋಮ್ ಆವೃತ್ತಿಯಲ್ಲಿ ಹೀಗೆ ಎನ್‌ಕ್ರಿಪ್ಟ್ ಮಾಡಲಾಗದಿದ್ದರೂ, ಬೇರೆಡೆ ಮಾಡಿ ತಂದ ಡ್ರೈವನ್ನು ಪಾಸ್‌ವರ್ಡ್ ಕೊಟ್ಟು ತೆರೆಯಬಹುದು. ಇದೇ ಕೆಲಸ ಮಾಡುವ ವೆರಾಕ್ರಿಪ್ಟ್ ತಂತ್ರಾಂಶ ಉಚಿತವೇನೋ ನಿಜ, ಆದರೆ ಅದನ್ನು ಡ್ರೈವಿನಿಂದಲೇ ಚಲಾಯಿಸಲು ವಿಂಡೋಸ್‌ನಲ್ಲಿ ಅಡ್ಮಿನಿಸ್ಟ್ರೇಟರ್ ಅನುಮತಿ ಬೇಕಾಗುವುದರಿಂದ ಪರರ ಕಚೇರಿಯಲ್ಲಿ ತೊಡಕಾಗುತ್ತದೆ.

ಬಿಟ್‌ಲಾಕರ್ 8 ಅಕ್ಷರಗಳ ಪಾಸ್‌ವರ್ಡನ್ನೂ ಒಪ್ಪುತ್ತದೆ. ಆದರೆ ಡ್ರೈವ್ ಸಿಕ್ಕವನು ಅದರ ನಕಲು ಮಾಡಿಕೊಂಡು ಎಷ್ಟು ಬಾರಿ ಬೇಕಾದರೂ ಊಹಿಸಿ ನೋಡಬಹುದಾದ್ದರಿಂದ ಅಷ್ಟು ಸಾಲದು. ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಪದಗಳನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ, ನಡುವೆ ಹೈಫನ್ ಹಾಕಿ ಬರೆಯಿರಿ. ತೋಟದ ಹೆಸರು, ಮಕ್ಕಳ ಹೆಸರು ಬೇಡ. ಕನ್ನಡ ಪದಗಳನ್ನು ಆರಿಸಿದರೆ, ‘ಹಾಲು’ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ‘a’ ಒಂದೋ ಎರಡೋ ಎಂಬಂಥ ಸಂದೇಹಕ್ಕೆ ಎಡೆಯಿಲ್ಲದ ಪದಗಳೇ ಇರಲಿ. @ ಚಿಹ್ನೆಯನ್ನಂತೂ ಬಿಟ್ಟುಬಿಡಿ: ಅಮೆರಿಕನ್ ಕೀಬೋರ್ಡ್ ವಿನ್ಯಾಸದಲ್ಲಿ ಶಿಫ್ಟ್ ಹಿಡಿದು 2 ಒತ್ತಿದರೆ ಬರುವ ಅದು, ಬ್ರಿಟಿಷ್ ವಿನ್ಯಾಸದಲ್ಲಿ ಉದ್ಧರಣ ಚಿಹ್ನೆಯಾಗುತ್ತದೆ, ಮತ್ತು ಚುಕ್ಕೆಗಳಷ್ಟೇ ಕಾಣುವ ಪೆಟ್ಟಿಗೆಯಲ್ಲಿ ಈ ವ್ಯತ್ಯಾಸ ತಿಳಿಯುವುದೇ ಇಲ್ಲ.

ನಮ್ಮ ಕಡೆ ಇದಕ್ಕಿಂತ ಹೆಚ್ಚು ಕಾಡುವುದು ಕನ್ನಡ ಟೈಪಿಂಗ್ ಚಾಲೂ ಇರುವ ಕಂಪ್ಯೂಟರ್. ನುಡಿ ತಂತ್ರಾಂಶವಿದ್ದರೆ ಸ್ಕ್ರೋಲ್ ಲಾಕ್ ಒತ್ತಿ, ವಿಂಡೋಸ್‌ನದೇ ಕನ್ನಡ ಕೀಬೋರ್ಡ್ ಇದ್ದರೆ ವಿಂಡೋಸ್ ಕೀಲಿಯೊಂದಿಗೆ ಸ್ಪೇಸ್ ಒತ್ತಿ ಇಂಗ್ಲಿಷಿಗೆ ಬನ್ನಿ. ಆಮೇಲೆ ನೋಟ್‌ಪ್ಯಾಡ್‌ನಲ್ಲಿ ಪಾಸ್‌ವರ್ಡ್ ಅಲ್ಲದ ಬೇರೆರಡು ಪದಗಳನ್ನೂ ಒಂದು ಹೈಫನ್ನನ್ನೂ ಟೈಪ್ ಮಾಡಿ, ಒತ್ತಿದ್ದೇ ಮೂಡುತ್ತಿದೆಯೇ, ಕ್ಯಾಪ್ಸ್ ಲಾಕ್ ಆಫ್ ಆಗಿದೆಯೇ ಎಂದು ನೋಡಿಕೊಂಡು ಮುಂದುವರಿಯಿರಿ. ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಮಾತ್ರ ಪಾಸ್‌ವರ್ಡ್ ಕೊಡಲೇಬೇಡಿ, ಏಕೆಂದರೆ ಒತ್ತಿದ ಕೀಲಿಗಳನ್ನೆಲ್ಲ ದಾಖಲಿಸುವ ತಂತ್ರಾಂಶ ಅಲ್ಲಿದ್ದರೆ ಎಷ್ಟು ಉದ್ದದ ಪಾಸ್‌ವರ್ಡೂ ಕಾಪಾಡದು.

ಡ್ರೈವಿನ ಮೈಮೇಲೆಯೇ ಅಂಕಿಗುಂಡಿಗಳಿರುವ ಮಾದರಿಗಳಿಗೆ ಈ ತಾಪತ್ರಯವಿಲ್ಲ. ಆದರೆ ಕಿಂಗ್‌ಸ್ಟನ್ ಐರನ್‌ಕೀಯಂಥವು 10 ಬಾರಿ ಸತತವಾಗಿ ತಪ್ಪಿದರೆ ದತ್ತಾಂಶ ಸಿಗದಂತೆ ಮಾಡಿಬಿಡುವುದರಿಂದ, ಇನ್ನೊಂದು ಪ್ರತಿ ಮನೆಯಲ್ಲಿರಲಿ.

ಪಾಸ್‌ವರ್ಡ್ ಮರೆತರೆ ಡ್ರೈವ್ ತೆರೆಯಲೆಂದು ಬಿಟ್‌ಲಾಕರ್ ಕೊಡುವ 48 ಅಂಕಿಗಳ ರಿಕವರಿ ಕೀಯನ್ನು ಮುದ್ರಿಸಿ, ಡ್ರೈವಿನ ಜೊತೆಗಲ್ಲದೆ ಬೇರೆ ಕಡೆ ಇಡಿ. ಕೈಯಲ್ಲಿ ಬರೆದುಕೊಂಡಿದ್ದರೆ, 6 ಅಂಕಿಗಳ 8 ಗುಂಪುಗಳಲ್ಲಿ ಪ್ರತಿಯೊಂದನ್ನೂ 11ರಿಂದ ಭಾಗಿಸಿ ನೋಡಿ: ಶೇಷ ಉಳಿದ ಗುಂಪನ್ನು ನಕಲು ಮಾಡುವಾಗ ತಪ್ಪಾಗಿದೆ.