ಎಕ್ಸ್100ವಿಗೆ ಜೋಡಿ ಹುಡುಕಿದ್ದು: ರಿವ್ಯೂ ಬಿಟ್ಟು ಕ್ರಾಪ್ ಲೆಕ್ಕ ಹಾಕಿದ ಮೇಲೆ ಸಿಕ್ಕಿತು

ಲೆನ್ಸ್ ಬಿಚ್ಚಲು ಬಾರದ ಚಿಕ್ಕ ಕ್ಯಾಮೆರಾ ಫುಜಿ ಎಕ್ಸ್100ವಿ, ಜೊತೆಗೆ ಲೆನ್ಸ್ ಬದಲಿಸಬಹುದಾದ ಸೆಕೆಂಡ್ ಹ್ಯಾಂಡ್ ಎಕ್ಸ್-ಟಿ30, ಅದರ ಮುಂದೆ 50 ಎಂಎಂ ಎಫ್2 ಲೆನ್ಸು. ಕಲಬುರಗಿಯಲ್ಲಿ ಎರಡು ಸೀಜನ್ ಮದುವೆ, ಒಂದು ರಥೋತ್ಸವ, ಬೀದರಿನ ಬಿದ್ರಿ ಸಾಮಾನಿನ ಕೆಟಲಾಗ್ ಎಲ್ಲಾ ಹೆಚ್ಚೂಕಡಿಮೆ ಇಷ್ಟರಲ್ಲೇ ಮುಗಿದಿದೆ. ತಗೊಳ್ಳುವಾಗ ಇಲ್ಲಿನ ಸ್ಟುಡಿಯೋ ಮಂದಿ ಹೇಳಿದ್ದು ಒಂದೇ ಮಾತು: "ಎರಡೂ ಆಟಿಗಿ ಸಾಮಾನೇ ಆದ್ವಲ್ಲರೀ ಅಣ್ಣಾ, ಒಂದರೆ ಫುಲ್‌ಫ್ರೇಮ್ ಇರಬ್ಯಾಡೇನು?" ಹಾಗಂದವರಲ್ಲಿ ಇಬ್ಬರು ಈಗ ತಾರೀಖು ನೋಡಿಕೊಂಡು ಇದೇ ಜೋಡಿಯನ್ನು ಕೇಳಿ ಒಯ್ಯುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕಳೆದ ರೊಕ್ಕದ ಲೆಕ್ಕ. ಬೇರೆ ಕಂಪನಿಯ ಹಳೆಯ ಫುಲ್‌ಫ್ರೇಮ್ (ದೊಡ್ಡ ಸೆನ್ಸರಿನ ಕ್ಯಾಮೆರಾ) ಮತ್ತು 85 ಎಂಎಂ ಲೆನ್ಸು ಸೇರಿ 88 ಸಾವಿರಕ್ಕೆ ತಂದು, ಏಳು ತಿಂಗಳಿಗೆ 71ಕ್ಕೆ ಕೊಟ್ಟೆ. 28 ಎಂಎಂ ಫಿಕ್ಸೆಡ್ ಲೆನ್ಸಿನ ಇನ್ನೊಂದು ಜೇಬಿನ ಕ್ಯಾಮೆರಾ 62, ಅದರ ರಿಪೇರಿ 9, ಮಾರಿದ್ದು 44. ಎಕ್ಸ್100ಕ್ಕೇ ತಿರುಗಿಸುವ ಟೆಲಿಕನ್ವರ್ಟರ್ (ಲೆನ್ಸಿನ ಮೇಲೆ ಕೂತು ದೂರದ್ದನ್ನು ಹತ್ತಿರ ತರುವುದು) 16ಕ್ಕೆ ತಗೊಂಡು 14ಕ್ಕೆ ಕೊಟ್ಟಿದ್ದು. ಒಟ್ಟು 46 ಸಾವಿರ ನೀರಿಗೆ ಹೋಯಿತು. ಕೊನೆಗೆ ತಂದ ಎಕ್ಸ್-ಟಿ30 ಕ್ಯಾಮೆರಾ ಬಿದ್ದದ್ದು 44ಕ್ಕೆ, ಲೆನ್ಸ್ ಬೇರೆ.

ಫುಲ್‌ಫ್ರೇಮ್ ಚಿತ್ರ ಕೆಟ್ಟದ್ದು ಬರಲಿಲ್ಲ, ಛಲೋನೇ ಬಂತು. ಸೋತಿದ್ದು ಎಡಿಟಿಂಗ್ ಟೇಬಲ್ಲಿನಲ್ಲಿ. ಒಂದೇ ಮಂಟಪ, ಒಂದೇ ಲೈಟು, ಆದರೆ ಒಂದರಲ್ಲಿ ಮದುಮಗಳ ಮುಖ ಗುಲಾಬಿ, ಇನ್ನೊಂದರಲ್ಲಿ ಗೋಧಿ. ಫೋಟೊಕ್ಕೆ ಅರ್ಧ ನಿಮಿಷದಂತೆ ಆರುನೂರು ಫೋಟೊ ಸರಿಮಾಡಿದರೆ ಐದು ತಾಸು. ಬಾಡಿ, 85 ಸೇರಿ 1,200 ಗ್ರಾಂ ಹತ್ತಿರ. ಬ್ಯಾಟರಿ ಬೇರೆ, ಚಾರ್ಜರ್ ಬೇರೆ. ಇದೆಲ್ಲಕ್ಕಿಂತ ದೊಡ್ಡ ತೊಂದರೆ ಎಂದರೆ, ದೊಡ್ಡದು ಕೊರಳಿಗೆ ಬಿದ್ದ ಮೇಲೆ ಚಿಕ್ಕದು ಬ್ಯಾಗಿನಿಂದ ಹೊರಗೇ ಬರುವುದಿಲ್ಲ. ಲಕ್ಷದ ಹತ್ತಿರ ಕೊಟ್ಟು ತಂದ ಎಕ್ಸ್100ವಿ ಊಟದ ಪಂಗತಿಯ ಕ್ಯಾಮೆರಾ ಆಯಿತು.

28 ಎಂಎಂ ತಂದಿದ್ದು ಶುದ್ಧ ಆಸೆಗೆ. ಎಕ್ಸ್100ವಿಯ 23 ಎಂಎಂ ಅಂದರೆ ಫುಲ್‌ಫ್ರೇಮ್ ಲೆಕ್ಕದಲ್ಲಿ 35. ಅದಕ್ಕೂ 28ಕ್ಕೂ ಇರುವ ಅಂತರ ಎರಡು ಹೆಜ್ಜೆ ಹಿಂದೆ ಸರಿದರೆ ಮುಗಿಯುತ್ತದೆ. ಹಿಂದೆ ಗೋಡೆ ಇದ್ದಾಗ ಮಾತ್ರ ಉಪಯೋಗ. ಯಾದಗಿರಿ ಹತ್ತಿರ ಮೈಲಾಪುರದ ಜಾತ್ರೆಯಲ್ಲಿ ಅದರ ಕತೆಯೂ ಮುಗಿಯಿತು. ಆನ್ ಮಾಡಿದಾಗ ಹೊರಗೆ ಬರುವ, ಆಫ್ ಮಾಡಿದಾಗ ಒಳಗೆ ಹೋಗುವ ಲೆನ್ಸು ಅದು. ಹೊರಗಿದ್ದಾಗ ನಳಿಕೆಗೆ ಹತ್ತಿದ ಭಂಡಾರದ ಅರಿಶಿಣ ಪುಡಿಯನ್ನು ಆಫ್ ಮಾಡಿದಾಗೆಲ್ಲ ತನ್ನ ಜೊತೆಗೇ ಒಳಗೆ ಎಳೆದುಕೊಂಡಿತು. ಎಫ್11ರಲ್ಲಿ ಬಿಳಿ ಗೋಡೆ ತೆಗೆದು ನೋಡಿದರೆ ಬಲಗಡೆ ಮೇಲೆ ಒಂಬತ್ತು ಚುಕ್ಕೆ. ಲೆನ್ಸ್ ಬಿಚ್ಚಲು ಬರುವುದಿಲ್ಲ, ಬ್ಲೋವರ್ ಹಾಕಲು ದಾರಿಯಿಲ್ಲ. ತಪ್ಪು ನನ್ನದೇ. ಎಕ್ಸ್100ವಿಗೂ ಎಆರ್-ಎಕ್ಸ್100 ರಿಂಗು, ಅದರ ಮೇಲೆ 49 ಎಂಎಂ ಪ್ರೊಟೆಕ್ಷನ್ ಫಿಲ್ಟರ್ ಹಾಕಿದರೆ ಮಾತ್ರ ಧೂಳು, ನೀರು ತಡೆಯುವ ಸೀಲಿಂಗ್ ಪೂರ್ತಿ ಆಗುವುದು. ಅದಿಲ್ಲದೆ ಭಂಡಾರದ ಜಾತ್ರೆಗೆ ಹೋಗಬೇಡಿ.

ಟೆಲಿಕನ್ವರ್ಟರ್ 35ನ್ನು 50 ಮಾಡುತ್ತದೆ, ಎಫ್2 ಹಾಗೇ ಉಳಿಯುತ್ತದೆ, ಶಾರ್ಪ್ ಕೂಡ ಇದೆ. ಆದರೆ ತಿರುಗಿಸಿ ಕೂರಿಸುವಷ್ಟರಲ್ಲಿ ಅಕ್ಕಿಕಾಳು ಬಿದ್ದು ಮುಗಿದಿರುತ್ತದೆ. ಕ್ಯಾಮೆರಾದೊಳಗಿನ ಡಿಜಿಟಲ್ ಟೆಲಿಕನ್ವರ್ಟರ್ ಸುಮ್ಮನೆ ಸಮಾಧಾನ. 70ಕ್ಕೆ ಇಟ್ಟರೆ ಖರೇ ಉಳಿಯುವುದು ಆರೂವರೆ ಮೆಗಾಪಿಕ್ಸೆಲ್, ಅದೂ ಜೆಪೆಗ್‌ನಲ್ಲಿ ಮಾತ್ರ. 12×36 ಶೀಟಿನ ಅರ್ಧಕ್ಕೆ ಹಾಕಿ ನೋಡಿ, ಇಂಚಿಗೆ 170 ಪಿಕ್ಸೆಲ್ ಆಸುಪಾಸು ಬರುತ್ತದೆ. ಸೀರೆಯ ಜರಿ ಸಾರಿಸಿದಂತೆ ಕಾಣುತ್ತದೆ.

ಆಮೇಲೆ ಹಚ್ಚಿದ್ದೇ ಕ್ರಾಪ್ ಲೆಕ್ಕ, ಅಂದರೆ ಯಾವ ಫೋಟೊ ಎಷ್ಟು ಕತ್ತರಿಸಿದ್ದೇನೆ ಎಂಬ ಎಣಿಕೆ. ಎಕ್ಸ್100ವಿಯ ಎರಡು ವರ್ಷದ ಡೆಲಿವರಿ ಜೆಪೆಗ್‌ಗಳನ್ನೆಲ್ಲ, ರೀಸೈಜ್ ಮಾಡದೆ ತೆಗೆದವು, ಒಂದೇ ಫೋಲ್ಡರಿಗೆ ಹಾಕಿದೆ. ಮೂರು ಸಾವಿರದ ಮೇಲೆ ಇದ್ದವು. ಅಡ್ಡ ಫೋಟೊಗಳನ್ನಷ್ಟೇ ಇಟ್ಟುಕೊಂಡು ಅಗಲದ ಪ್ರಕಾರ ಸಾರ್ಟ್ ಮಾಡಿದೆ. ಎಕ್ಸ್100ವಿಯ ಪೂರ್ತಿ ಅಗಲ 6240 ಪಿಕ್ಸೆಲ್. 4350 ಹತ್ತಿರಕ್ಕೆ ಕತ್ತರಿಸಿದ್ದರೆ ಅಲ್ಲಿ ಬೇಕಿದ್ದದ್ದು 33 ಎಂಎಂ ಲೆನ್ಸು. 2870 ಹತ್ತಿರವಾದರೆ 50. 1600ಕ್ಕೆ ಇಳಿದರೆ 90. ಸೂತ್ರ ಇಷ್ಟೇ: 6240ನ್ನು 23ರಿಂದ ಗುಣಿಸಿ, ಕತ್ತರಿಸಿದ ಅಗಲದಿಂದ ಭಾಗಿಸಿ.

ನನ್ನ ಫೋಲ್ಡರಿನಲ್ಲಿ ಮೂರರಲ್ಲಿ ಎರಡು ಪಾಲು ಮುಟ್ಟಿರಲೇ ಇಲ್ಲ. 4350ರ ಆಸುಪಾಸು ಬಹಳ ಕಡಿಮೆ. 2500ರಿಂದ 3200ರ ನಡುವೆ ದೊಡ್ಡ ಗುಂಪು, ಐನೂರಕ್ಕೂ ಮೇಲೆ: ತಾಳಿ, ಅರಿಶಿಣದ ಕೈ, ಮೂಲೆಯಲ್ಲಿ ಅಳುವ ಅವ್ವ. ಅದರ ಕೆಳಗೆ ಇನ್ನೊಂದು ಸಣ್ಣ ಗುಂಪು, ಪೂರ್ತಿ ರಥೋತ್ಸವದ್ದು. ಎಲ್ಲರೂ ಹೇಳುವ "50 ಸಮಾನ" ಲೆನ್ಸು, ಅಂದರೆ 33 ಎಂಎಂ, ನನಗೆ ಬೇಡವೇ ಬೇಡ ಎಂದು ನನ್ನ ಫೋಟೊಗಳೇ ಹೇಳಿದವು. ಬೇಕಾದದ್ದು 50 ಎಂಎಂ, ಅಂದರೆ 76 ಸಮಾನ. ಈ ಕೆಲಸಕ್ಕೆ ಹಿಡಿದದ್ದು ಒಂದು ಸಂಜೆ. ಮೊದಲೇ ಮಾಡಿದ್ದರೆ 46 ಸಾವಿರ ಉಳಿಯುತ್ತಿತ್ತು.

ಲೆನ್ಸು ಗೊತ್ತಾದ ಮೇಲೆ ಬಾಡಿ ಆರಿಸುವುದು ಸುಲಭ. ಅದೇ 26 ಮೆಗಾಪಿಕ್ಸೆಲ್ ಸೆನ್ಸರ್, ಅದೇ ಎನ್‌ಪಿ-ಡಬ್ಲ್ಯೂ126ಎಸ್ ಬ್ಯಾಟರಿ, ಇವೆರಡೇ ಷರತ್ತು. ಎಕ್ಸ್-ಟಿ4 ಪಟ್ಟಿಯಿಂದ ಬಿತ್ತು, ಅದರ ಬ್ಯಾಟರಿ ಬೇರೆ. ಎಕ್ಸ್-ಟಿ3 ಬ್ಯಾಟರಿ ಅದೇ, ಸೀಲಿಂಗ್ ಇದೆ, ಎರಡು ಕಾರ್ಡೂ ಇವೆ, ಆದರೆ 150 ಗ್ರಾಂ ಹೆಚ್ಚು ತೂಕ, ರೊಕ್ಕವೂ ಹೆಚ್ಚು. ಎಕ್ಸ್-ಇ4 ಹುಡುಕಿದರೆ ಸಿಗಲಿಲ್ಲ. ಉಳಿದದ್ದು 383 ಗ್ರಾಮಿನ ಎಕ್ಸ್-ಟಿ30. 50 ಎಂಎಂ 200 ಗ್ರಾಂ, ಎಕ್ಸ್100ವಿ 478. ಮೂರೂ ಸೇರಿ ನನ್ನ ಹಳೆಯ ಫುಲ್‌ಫ್ರೇಮ್, 85ರ ಜೋಡಿಗಿಂತ ಹಗುರ. 50 ಎಂಎಂ ಸೆಕೆಂಡ್ಸ್‌ನಲ್ಲಿ 24 ಸಾವಿರಕ್ಕೆ ಬಂತು.

ಒಂದು ಕೊರತೆ ಹೇಳಲೇಬೇಕು. ಎಕ್ಸ್-ಟಿ30ರಲ್ಲಿ ಕ್ಲಾಸಿಕ್ ನೆಗ್ (ಫುಜಿಯ ಒಂದು ಬಣ್ಣದ ಮಾದರಿ) ಇಲ್ಲ, 2021ರ ಎಕ್ಸ್-ಟಿ30 ಟೂನಲ್ಲಿ ಇದೆ. ಎಕ್ಸ್100ವಿಯಲ್ಲಿ ಕ್ಲಾಸಿಕ್ ನೆಗ್ ಹಚ್ಚಿ ಹಾಳಾದವರು ಸ್ವಲ್ಪ ಹೆಚ್ಚಿಗೆ ಕೊಟ್ಟು ಅದನ್ನೇ ತಗೊಳ್ಳಿ. ನಾನು ಎರಡನ್ನೂ ಪ್ರೊ ನೆಗ್ ಸ್ಟ್ಯಾಂಡರ್ಡಿಗೆ ತಂದೆ. ಮದುವೆಯ ಚರ್ಮಕ್ಕೆ ಅದೇ ಸರಿ.

ಸೆನ್ಸರ್ ಒಂದೇ ಅಂದಮಾತ್ರಕ್ಕೆ ಬಣ್ಣ ತಾನಾಗಿ ಕೂಡುವುದಿಲ್ಲ. ಆಟೊ ವೈಟ್ ಬ್ಯಾಲೆನ್ಸ್ ಇಟ್ಟರೆ 35ರ ಫ್ರೇಮಿನಲ್ಲಿ ಮಂಟಪ ಪೂರ್ತಿ ಕಾಣುತ್ತದೆ, 76ರಲ್ಲಿ ಬರೀ ಕೆಂಪು ಸೀರೆ, ಎರಡೂ ಬೇರೆ ಬೇರೆ ನಿರ್ಧಾರ ಮಾಡುತ್ತವೆ. ಹಾಗಾಗಿ ಮಂಟಪಕ್ಕೆ ಹೋದ ತಕ್ಷಣ ಒಂದೇ ಗ್ರೇ ಕಾರ್ಡಿನ ಮೇಲೆ ಎರಡರಲ್ಲೂ ಕಸ್ಟಮ್ ವೈಟ್ ಬ್ಯಾಲೆನ್ಸ್ ಹೊಡೆಯುತ್ತೇನೆ. ಕಾರ್ಡು ಮರೆತ ದಿನ ಶಹಾಬಾದಿ ಫರ್ಸಿ ಇದ್ದೇ ಇದೆ! ಪಾಲಿಶ್ ಇಲ್ಲದ, ಒಣಗಿದ ಬೂದು ಕಲ್ಲು ಬೇಕು. ಕಲ್ಲು ಸ್ವಲ್ಪ ನೀಲಿಗೆ ವಾಲುತ್ತದೆ, ಆದರೆ ಎರಡೂ ಕ್ಯಾಮೆರಾ ಒಂದೇ ತಪ್ಪು ಮಾಡುವುದರಿಂದ ಆಮೇಲೆ ಒಟ್ಟಿಗೇ ತಿದ್ದಬಹುದು. ಒದ್ದೆ ಫರ್ಸಿ, ಎಣ್ಣೆ ಕುಡಿದ ಅಡುಗೆಮನೆ ಫರ್ಸಿ ಎರಡೂ ಬೇಡ. ನನ್ನ ಎಕ್ಸ್-ಟಿ30ಗೆ ಕೆಂಪು ಒಂದು ಮೆಟ್ಟಿಲು ಶಿಫ್ಟ್ ಬೇಕಾಯಿತು, ನಿಮ್ಮದಕ್ಕೆ ಬೇರೆ ಇರಬಹುದು. ಅರಿಶಿಣ ಹಚ್ಚಿದ ಮುಖಕ್ಕೆ ಬೇರೆಯೇ ಶಿಫ್ಟ್ ಇದೆ. ಅದು ನನ್ನ ಹೊಟ್ಟೆಪಾಡು, ಬರೆಯುವುದಿಲ್ಲ.

ಬೆಳಕಿನ ಭಾಗ ಸುಟ್ಟುಹೋಗದಿರಲು ಡೈನಮಿಕ್ ರೇಂಜ್ ಎರಡರಲ್ಲೂ ಡಿಆರ್200. ಆಗ ಐಎಸ್‌ಒ 320ರ ಕೆಳಗೆ ಇಳಿಯುವುದಿಲ್ಲ. ಮಧ್ಯಾಹ್ನ ಒಂದರ ಬಿಸಿಲಲ್ಲಿ ಎಫ್2 ಬೇಕಂದರೆ ಎಕ್ಸ್100ವಿಯೊಳಗಿನ ನಾಲ್ಕು ಸ್ಟಾಪ್ ಎನ್‌ಡಿ (ಬೆಳಕು ಕಡಿಮೆ ಮಾಡುವ ಫಿಲ್ಟರ್) ಕಾಯುತ್ತದೆ. ಎಕ್ಸ್-ಟಿ30ರಲ್ಲಿ ಅದಿಲ್ಲ, ಮೆಕ್ಯಾನಿಕಲ್ ಶಟರ್ 1/4000ಕ್ಕೆ ನಿಲ್ಲುತ್ತದೆ. 50ರ ಮುಂದೆ 46 ಎಂಎಂನ ಎನ್‌ಡಿ8 ಹಾಕಿ, ಮಂಟಪದೊಳಗೆ ಹೋಗುವಾಗ ನೆನಪಿಟ್ಟು ತೆಗೆಯಬೇಕು. ಒಂದು ಸಲ ಮರೆತು, ಐಎಸ್‌ಒ ಹನ್ನೆರಡು ಸಾವಿರದಲ್ಲಿ ಅರ್ಧ ತಾಸು ಹೊಡೆದಿದ್ದೇನೆ.

ಫ್ಲಾಶ್ ಯಾವಾಗಲೂ ಎಕ್ಸ್100ವಿ ಮೇಲೆ. ಎಕ್ಸ್-ಟಿ30ರ ಸಿಂಕ್, ಅಂದರೆ ಫ್ಲಾಶ್ ಕೂಡುವ ಶಟರ್ ವೇಗ, 1/180ರ ತನಕ ಮಾತ್ರ. ಎಕ್ಸ್100ವಿಯದು ಲೆನ್ಸಿನೊಳಗೇ ಇರುವ ಲೀಫ್ ಶಟರ್, ಎಫ್4ರಲ್ಲಿ 1/1000ಕ್ಕೂ ಸಾದಾ ಟ್ರಿಗರಿನಿಂದಲೇ ಫ್ಲಾಶ್ ಹಿಡಿಯುತ್ತದೆ. ಬಿಸಿಲಲ್ಲಿ ನಡೆಯುವ ಮದುವೆಯ ಸುರಗಿ ಸ್ನಾನಕ್ಕೆ ಇದೇ ಆಯುಧ. ನೀರು ಎರಚುವಾಗ ಎಕ್ಸ್-ಟಿ30 ಒಳಗೆ ಹೋಗಬೇಕು. 50 ಎಂಎಂ ಲೆನ್ಸಿಗೆ ಸೀಲಿಂಗ್ ಇದ್ದರೇನು, ಕ್ಯಾಮೆರಾಕ್ಕೆ ಇಲ್ಲ.

ಶಾಮಿಯಾನದ ಎಲ್‌ಇಡಿ ಕೆಳಗೆ ಎಕ್ಸ್-ಟಿ30ರ ಎಲೆಕ್ಟ್ರಾನಿಕ್ ಶಟರ್ ಮುಟ್ಟಬೇಡಿ, ಪಟ್ಟೆ ಪಟ್ಟೆ ಬರುತ್ತದೆ. ನಮ್ಮ ಕರೆಂಟು 50 ಹರ್ಟ್ಜ್, ದೀಪ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಅದಕ್ಕೆ ಮೆಕ್ಯಾನಿಕಲ್ ಇಟ್ಟು 1/100. 76 ಸಮಾನಕ್ಕೆ 1/100 ಕೈನಡುಕದ ಅಂಚು, ಎರಡೂ ಕ್ಯಾಮೆರಾದಲ್ಲಿ ನಡುಕ ತಡೆಯುವ ಸ್ಟೆಬಿಲೈಸರ್ ಇಲ್ಲ. ಮೂರು ಮೂರು ಫ್ರೇಮ್ ಹೊಡೆದರೆ ಒಂದು ಗಟ್ಟಿ ಸಿಗುತ್ತದೆ.

"ಸಿಂಗಲ್ ಸ್ಲಾಟ್, ಕಾರ್ಡ್ ಹೋದರೆ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ತಾಳಿ, ಅಕ್ಕಿಕಾಳು, ಕಳಿಸಿಕೊಡುವುದು, ಈ ಮೂರನ್ನು ಎರಡೂ ಕ್ಯಾಮೆರಾದಲ್ಲಿ ಹೊಡೆಯುತ್ತೇನೆ. 32 ಜಿಬಿ ಕಾರ್ಡಿಗೆ ರಾ, ಜೆಪೆಗ್ ಸೇರಿ ಏಳೆಂಟು ನೂರು ಬರುತ್ತವೆ, ತುಂಬುವ ಮುಂಚೆಯೇ ಬದಲಿಸುತ್ತೇನೆ. ಎರಡರ ಗಡಿಯಾರ ಸೆಕೆಂಡಿನ ತನಕ ಕೂಡಿಸಿ, ಫೈಲ್ ಹೆಸರಿನ ಮುಂದಿನ ನಾಲ್ಕು ಅಕ್ಷರ ಒಂದರಲ್ಲಿ ಬದಲಿಸಿ. ಇಲ್ಲದಿದ್ದರೆ ಎರಡರಿಂದಲೂ ಒಂದೇ ಹೆಸರಿನ ಫೈಲು ಬಂದು ಒಂದರ ಮೇಲೊಂದು ಕೂತುಬಿಡುತ್ತವೆ. ಬ್ಯಾಟರಿ ಒಟ್ಟು ಐದು, ಮೂರು ಅಸಲಿ, ಎರಡು ಡೂಪ್ಲಿಕೇಟ್. ಮೇ ತಿಂಗಳ ಬಿಸಿಲಿಗೆ ಒಂದು ಡೂಪ್ಲಿಕೇಟ್ ಉಬ್ಬಿ ಎಕ್ಸ್-ಟಿ30ರಲ್ಲೇ ಸಿಕ್ಕಿಕೊಂಡಿತ್ತು, ಈಗ ಉಳಿದ ಡೂಪ್ಲಿಕೇಟನ್ನು ಎಸಿ ರೂಮಿನ ಬಿದ್ರಿ ಕೆಲಸಕ್ಕೆ ಮಾತ್ರ ಇಟ್ಟಿದ್ದೇನೆ.

ಬಿದ್ರಿ ಇಲ್ಲಿ ಬೋನಸ್. ಸತು, ತಾಮ್ರದ ಮಿಶ್ರಲೋಹ ಬೀದರ್ ಕೋಟೆಯ ಮಣ್ಣು, ನವಸಾಗರದಲ್ಲಿ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಕ್ಯಾಮೆರಾಕ್ಕೆ ಇದು ಶತ್ರು: ಕಪ್ಪಿಗೆ ಮೀಟರ್ ಮಾಡಿದರೆ ಬೆಳ್ಳಿ ಸುಟ್ಟುಹೋಗುತ್ತದೆ, ಬೆಳ್ಳಿಗೆ ಮಾಡಿದರೆ ಹೂದಾನಿಯೇ ಕಾಣುವುದಿಲ್ಲ. ಎಕ್ಸ್100ವಿ ಹತ್ತು ಸೆಂಟಿಮೀಟರಿಗೆ ಫೋಕಸ್ ಆಗುತ್ತದೆ, ಆದರೆ ಅಷ್ಟು ಹತ್ತಿರದಲ್ಲಿ ಹೂಜಿಯ ಹೊಟ್ಟೆ ಊದಿ, ಅದರೊಳಗೆ ನಿಮ್ಮ ಮುಖವೇ ಕಾಣುತ್ತದೆ. 50 ಎಂಎಂ ಹಿಂದೆ 11 ಎಂಎಂ ಎಕ್ಸ್‌ಟೆನ್ಷನ್ ಟ್ಯೂಬ್ (ಹತ್ತಿರಕ್ಕೆ ಫೋಕಸ್ ಮಾಡಿಸುವ ಕೊಳವೆ) ಹಾಕಿದೆ, ಎರಡು ಸಾವಿರದ್ದು. ಎಫ್8, ಟ್ರೈಪಾಡ್, ಸುತ್ತ ಬಟರ್ ಪೇಪರಿನ ಗುಡಾರ. ತಂತಿ ಕೂಡಿಸಿದ ಗೆರೆ ಒಂದೊಂದೂ ಬಿಡಿಬಿಡಿಯಾಗಿ ಬಂತು. ಕಪ್ಪು ಥರ್ಮೊಕೋಲ್ ಎಲ್ಲಿ ಇಡಬೇಕು ಎನ್ನುವುದರಲ್ಲಿ ಅರ್ಧ ಗುಟ್ಟಿದೆ. ಎರಡು ದಿನ ಕೂತರೆ ನಿಮಗೂ ಹೊಳೆಯುತ್ತದೆ.

ನಡುವೆ ಎಂಟು ಸಾವಿರದ ಮ್ಯಾನ್ಯುಯಲ್ 55 ಎಂಎಂ ಎಫ್1.4 ಒಂದನ್ನೂ ನೋಡಿದೆ. ಉರುಸಿನ ದೀಪಗಳಿಗೆ ಚೆಂದ, ನಡೆಯುವ ಮನುಷ್ಯರಿಗೆ ಹತ್ತರಲ್ಲಿ ಎರಡು ಫೋಕಸ್. ಬೇಡವಾಯಿತು.

ಕ್ರಾಪ್ ಲೆಕ್ಕದ ಕೆಳಗಿನ ಸಣ್ಣ ಗುಂಪಿಗೆ, ಅಂದರೆ ರಥೋತ್ಸವಕ್ಕೆ, ಎಕ್ಸ್‌ಸಿ 50-230 ಜೂಮ್ ಲೆನ್ಸು, ಒಂಬತ್ತೂವರೆ ಸಾವಿರ. ಮೌಂಟೂ ಪ್ಲಾಸ್ಟಿಕ್, 375 ಗ್ರಾಂ, ಸ್ಟೆಬಿಲೈಸರ್ ಇದೆ. ಶರಣಬಸವೇಶ್ವರರ ತೇರಿಗೆ ಮಾಳಿಗೆ ಮೇಲಿಂದ ಕಳಸ, ಮೇಲೆ ಹಾರುವ ಉತ್ತತ್ತಿ ಹಿಡಿಯಲು ಬಿಸಿಲಿರುವ ತನಕ ಇದು ಸಾಕು. ಸೂರ್ಯ ಇಳಿದ ಮೇಲೆ 230ರಲ್ಲಿ ಎಫ್6.7 ಏನೂ ಮಾಡುವುದಿಲ್ಲ. ಬೀದರಿನಲ್ಲಿ 1472ರ ಮಹಮೂದ್ ಗವಾನ್ ಮದರಸಾದ ಮಿನಾರಿನ ಮೇಲೆ ಉಳಿದಿರುವ ಬಣ್ಣದ ಹೆಂಚುಗಳೂ ಇದರಲ್ಲೇ ಸಿಕ್ಕವು. ಕಲಬುರಗಿ ಕೋಟೆಯ ಜಾಮಾ ಮಸೀದಿಯೊಳಗೆ ಮಾತ್ರ 35 ಮತ್ತು 76 ಜೋಡಿಯೇ ರಾಜ: ಒಂದರಲ್ಲಿ ನಿಂತ ಕಮಾನು, ಇನ್ನೊಂದರಲ್ಲಿ ಕಮಾನಿನ ಹಿಂದೆ ಕಮಾನು ಒತ್ತಿಕೊಂಡು ಕೂತಿದ್ದು. ಜಾತ್ರೆಯಲ್ಲಿ ಮಾತ್ರ ಲೆನ್ಸ್ ಬದಲಿಸಬೇಡಿ. ಬೆಳಗ್ಗೆ ಹಾಕಿದ್ದೇ ಸಂಜೆ ತನಕ.

ಹಳೆಯ ಎಕ್ಸ್-ಟಿ30 ನೋಡುವಾಗ ಎಫ್16ರಲ್ಲಿ ಬಿಳಿ ಗೋಡೆ, ಕ್ಯಾಪ್ ಹಾಕಿ ಹತ್ತು ಸೆಕೆಂಡಿನ ಕಪ್ಪು ಫ್ರೇಮ್, ಯುಎಸ್‌ಬಿಯಿಂದ ಚಾರ್ಜ್ ಆಗುತ್ತದೋ ಇಲ್ಲವೋ, ಮುಂದಿನ ಡಯಲ್ ಒತ್ತಿದಾಗ ಒಂದೇ ಸಲ ಕ್ಲಿಕ್ ಆಗುತ್ತದೋ, ಇಷ್ಟು ನೋಡಿ. ದಪ್ಪ ಹೆಬ್ಬೆರಳಿನವರಿಗೆ ಕ್ಯೂ (ಕ್ವಿಕ್ ಮೆನು) ಬಟನ್ ತಾನೇ ಒತ್ತಿಕೊಳ್ಳುತ್ತದೆ, ಹೊಸ ಫರ್ಮ್‌ವೇರ್ ಹಾಕಿದ ಮೇಲೆ ನನಗೆ ಕಡಿಮೆಯಾಯಿತು.

ಎಕ್ಸ್100ಎಫ್ ಇದ್ದವರು ಎಕ್ಸ್-ಟಿ20 ಅಥವಾ ಎಕ್ಸ್-ಇ3 ಹುಡುಕಿ, ಅದೇ 24 ಮೆಗಾಪಿಕ್ಸೆಲ್ ಸೆನ್ಸರ್, ಅದೇ ಬ್ಯಾಟರಿ. ಎಕ್ಸ್100ವಿಐ ಆದರೆ ಜೋಡಿ ಎಕ್ಸ್-ಟಿ50, ಎರಡೂ 40 ಮೆಗಾಪಿಕ್ಸೆಲ್, ಬ್ಯಾಟರಿ ಇದೇ. ಆಗ ಸೂತ್ರದಲ್ಲಿ 6240ರ ಜಾಗಕ್ಕೆ 7728 ಹಾಕಿಕೊಳ್ಳಿ.